ಟ್ರೇಲರಿಗೊಂದು ಕೊಟ್ಟಿಗೆ: ಕ್ಷೇತ್ರಗಣಿತದ ಪಾಠ

ವಿದ್ಯಾರ್ಥಿಗಳೇ, ಉದ್ದವನ್ನು ಅಗಲದಿಂದ ಗುಣಿಸಿದರೆ ವಿಸ್ತೀರ್ಣವು ದೊರೆಯುವುದೆಂಬುದನ್ನು ನೀವು ಕೆಳಗಿನ ತರಗತಿಗಳಲ್ಲಿಯೇ ಕಲಿತಿರುವಿರಿ. ಪರೀಕ್ಷೆಯ ಕಾಗದದಲ್ಲಿ ಉದ್ದವೆಷ್ಟು, ಅಗಲವೆಷ್ಟು ಎಂಬುದನ್ನು ಪ್ರಶ್ನೆ ಬರೆದವರೇ ಕೊಟ್ಟಿರುತ್ತಾರೆ. ಆದರೆ ಮನೆಯ ಹಿತ್ತಿಲಿನಲ್ಲಿ ಕೊಟ್ಟಿಗೆಯೊಂದನ್ನು ಕಟ್ಟಲು ಹೊರಟಾಗ ಹಾಗೆ ಕೊಡುವವರು ಯಾರೂ ಇರುವುದಿಲ್ಲ. ಯಾವುದನ್ನು ಅಳೆಯಬೇಕು, ಎಲ್ಲಿಂದ ಎಲ್ಲಿಗೆ ಅಳೆಯಬೇಕು ಎಂಬುದನ್ನು ಕಟ್ಟುವವನೇ ನಿಶ್ಚಯಿಸಬೇಕಾಗುತ್ತದೆ. ಗುಣಾಕಾರದಲ್ಲಿ ತಪ್ಪುವವರು ಕೆಲವರು. ಅಳತೆಯಲ್ಲಿ ತಪ್ಪುವವರು ಬಹು ಮಂದಿ. ಈ ಎರಡನೆಯ ಗುಂಪಿನಲ್ಲಿ ನಿಮ್ಮ ಮುಖ್ಯೋಪಾಧ್ಯಾಯನೂ ಒಬ್ಬನಾದುದರಿಂದ, ಆ ಕಥೆಯಿಂದಲೇ ಪಾಠವನ್ನು ಆರಂಭಿಸುತ್ತೇನೆ.

ಹನ್ನೆರಡು ವರ್ಷಗಳ ಹಿಂದೆ ನಮ್ಮ ಅಣ್ಣನವರು ಟ್ರ್ಯಾಕ್ಟರಿಗೆ ಕಟ್ಟುವ ಟ್ರೇಲರೊಂದನ್ನು ಕೊಂಡರು. ಅದನ್ನು ಬಿಸಿಲು ಮಳೆಗಳಿಂದ ಕಾಪಾಡಲು ನಾಲ್ಕು ಕಂಬ ನೆಟ್ಟು ಮೇಲೆ ತಗಡು ಹೊದಿಸುವುದೆಂದು ಗೊತ್ತಾಯಿತು. "ನೀನು ಓದಿದವನು, ಲೆಕ್ಕ ನೀನೇ ಹಾಕಪ್ಪಾ" ಎಂದು ಅಣ್ಣ ಹೇಳಿದರು. ನಾನು ಟೇಪು ಹಿಡಿದು ಟ್ರೇಲರಿನ ತೊಟ್ಟಿಯನ್ನು ಅಳೆದೆ. ಉದ್ದ 12 ಅಡಿ, ಅಗಲ 6 ಅಡಿ. ಹಿಂದೆ ಮುಂದೆ ಒಂದೊಂದು ಅಡಿ ಬಿಟ್ಟು 14 ಅಡಿ ಉದ್ದದ ಕೊಟ್ಟಿಗೆ ಸಾಕೆಂದು ತೀರ್ಮಾನಿಸಿದೆ. ಆ ವರ್ಷದ ಶೇಂಗಾ ಮಾರಿ ಬಂದ ಹಣದಲ್ಲಿ ಕೊಟ್ಟಿಗೆಯೂ ಎದ್ದಿತು.

ಎತ್ತಿನ ಗಾಡಿಗೆ ಮೂಕಿಯಿರುವಂತೆ ಟ್ರೇಲರಿಗೂ ಮುಂದಕ್ಕೆ ಚಾಚಿದ ಕಬ್ಬಿಣದ ಮೂಕಿಯಿರುತ್ತದೆ. ಅದರ ತುದಿಯನ್ನೇ ಟ್ರ್ಯಾಕ್ಟರಿಗೆ ಸಿಕ್ಕಿಸುವುದು. ನಮ್ಮ ಟ್ರೇಲರಿನ ಮೂಕಿ ನಾಲ್ಕೂವರೆ ಅಡಿ. ನಾನು ಅದನ್ನು ಅಳತೆಗೆ ಸೇರಿಸಲೇ ಇಲ್ಲ. ಕಣ್ಣಿಗೆ ಕಾಣದ್ದೇನೂ ಅಲ್ಲ, ಆದರೆ ನನ್ನ ಮನಸ್ಸಿನಲ್ಲಿ ಟ್ರೇಲರೆಂದರೆ ತೊಟ್ಟಿಯೆಂದೇ ಇದ್ದಿತು. ಕೊಟ್ಟಿಗೆಯಿಂದ ಮೂಕಿಯು ಹೊರಕ್ಕೆ ಚಾಚಿಕೊಂಡೇ ನಿಂತಿತು. ಮಳೆಯಲ್ಲಿ ನೆನೆದು ತುಕ್ಕು ಹಿಡಿದುದು ಸಣ್ಣ ನಷ್ಟ. ಒಂದು ಮುಸ್ಸಂಜೆ ನಮ್ಮ ತಂದೆಯವರು ಎಮ್ಮೆಗೆ ನೀರಿಡಲು ಆ ದಾರಿಯಾಗಿ ಹೋದವರು ಮೂಕಿಗೆ ಎಡವಿ ಬಿದ್ದು, ತೊಡೆಯ ಮೂಳೆ ಮುರಿದುಕೊಂಡರು. ಅಂದಿನಿಂದ ಕೋಲಿಲ್ಲದೆ ಅವರು ನಡೆಯಲಿಲ್ಲ. ಅವರು ಒಂದು ದಿನವಾದರೂ ನನ್ನ ಲೆಕ್ಕದ ಮಾತೆತ್ತಲಿಲ್ಲ. ನಾನು ಮಾತ್ರ ಮರೆತಿಲ್ಲ.

ನಮ್ಮ ಬ್ರಹ್ಮಸಮುದ್ರದ ಸುತ್ತಮುತ್ತ ಈಗ ಎತ್ತಿನ ಗಾಡಿಗಳು ಕಡಮೆಯಾಗಿ ಟ್ರೇಲರುಗಳು ಹೆಚ್ಚಿವೆ. ಪ್ರತಿ ವರ್ಷವೂ ಯಾರಾದರೊಬ್ಬ ಪೋಷಕರು ಶಾಲೆಗೆ ಬಂದಾಗ, "ಮೇಷ್ಟ್ರೇ, ಎಷ್ಟು ಅಡಿ ಹಾಕಿಸಿದರೆ ಸರಿಹೋಗುತ್ತದೆ?" ಎಂದು ಕೇಳುವುದುಂಟು. ಆದುದರಿಂದ ಕಳೆದ ವರ್ಷ ಹತ್ತನೆಯ ತರಗತಿಯ ವಿದ್ಯಾರ್ಥಿಗಳೊಂದಿಗೆ ಇದನ್ನೇ ಪಾಠವಾಗಿ ಮಾಡಿದೆ. ಪರಿಚಿತ ರೈತರೊಬ್ಬರ ಟ್ರ್ಯಾಕ್ಟರನ್ನೂ ಟ್ರೇಲರನ್ನೂ ಆಟದ ಬಯಲಿಗೆ ತರಿಸಿ, ಗೂಟ ಹಗ್ಗಗಳಿಂದ ಕೊಟ್ಟಿಗೆಯ ಗುರುತು ಹಾಕಿ, ಚಾಲಕನಿಗೆ ಅದರೊಳಗೆ ಹಿಮ್ಮುಖವಾಗಿ ಟ್ರೇಲರನ್ನು ನಿಲ್ಲಿಸಲು ಹೇಳಿದೆವು. 10 ಅಡಿ ಅಗಲದ ಬಾಯಿಗೆ ಬಂದಾಗ ಮೂರು ಗೂಟಗಳು ಉರುಳಿದುವು. 12 ಅಡಿಗೆ ಒಂದು ಗೂಟ ಉರುಳಿತು. 14 ಅಡಿ ಬಿಟ್ಟ ಮೇಲೆ ಗೂಟಗಳೆಲ್ಲ ನಿಂತುವು. ಟ್ರೇಲರಿನ ಅಗಲವಾದರೋ ಚಕ್ರಗಳ ಹೊರಅಂಚು ಸೇರಿ ಆರೂವರೆ ಅಡಿ ಮಾತ್ರ!

ಹುಡುಗರು ನಕ್ಕಾಗ ಆ ಚಾಲಕನು, "ಸಾರ್, ಮುಂದಕ್ಕೆ ಹೋದ ಹಾಗೆ ಹಿಂದಕ್ಕೆ ಹೋಗಲ್ಲ ಇದು" ಎಂದನು. ಅವನ ಮಾತಿನಲ್ಲಿ ಗಣಿತವಿದೆ. ಟ್ರ್ಯಾಕ್ಟರು ಟ್ರೇಲರುಗಳು ಸೇರುವ ಕಡೆ ಒಂದು ಕೀಲುಂಟು. ಹಿಂದಕ್ಕೆ ನಡೆಸುವಾಗ ಟ್ರ್ಯಾಕ್ಟರಿನ ಹಿಂಭಾಗವು ಎಡಕ್ಕೆ ತಿರುಗಿದರೆ ಟ್ರೇಲರಿನ ಹಿಂಭಾಗವು ಬಲಕ್ಕೆ ಹೊರಳುತ್ತದೆ. ನಾಲ್ಕು ಚಕ್ರದ ಟ್ರೇಲರಿಗೆ ಮುಂದಿನ ಚಕ್ರಗಳ ಬಳಿ ಇನ್ನೊಂದು ತಿರುಗಣೆಯೂ ಇರುವುದರಿಂದ ಕಷ್ಟವು ಇಮ್ಮಡಿಯಾಗುತ್ತದೆ. ನಿಂತ ಟ್ರೇಲರಿಗೆ ಬೇಕಾದ ಜಾಗವೇ ಬೇರೆ, ಚಲಿಸುವ ಟ್ರೇಲರಿಗೆ ಬೇಕಾದ ಜಾಗವೇ ಬೇರೆ. ಕೊಟ್ಟಿಗೆಯ ಅಳತೆಯನ್ನು ಎರಡನೆಯದರಿಂದಲೇ ತೆಗೆಯಬೇಕು.

ಇದಕ್ಕೆ ಪರಿಹಾರವಾಗಿ ಕೊಟ್ಟಿಗೆಯನ್ನು ಎಲ್ಲರೂ 14 ಅಡಿ ಅಗಲ ಮಾಡಬೇಕೆಂದಲ್ಲ. ಸ್ಥಳವಿದ್ದವರು ಎರಡು ತುದಿಗಳನ್ನೂ ತೆರೆದಿಟ್ಟರೆ, ಟ್ರ್ಯಾಕ್ಟರು ಒಂದು ತುದಿಯಿಂದ ಒಳಹೊಕ್ಕು ಟ್ರೇಲರನ್ನು ಬಿಟ್ಟು ಇನ್ನೊಂದು ತುದಿಯಿಂದ ಹೊರಟುಹೋಗಬಹುದು. ಹಿಂದಕ್ಕೆ ನಡೆಸುವ ಕಾಟವೇ ಇಲ್ಲ. ಆಗ 12 ಅಡಿ ಅಗಲ ಸಾಕು. ಆದರೆ ಟ್ರ್ಯಾಕ್ಟರು ಸುಮಾರು ಹನ್ನೊಂದೂವರೆ ಅಡಿ, ಮೂಕಿ ಸೇರಿ ಟ್ರೇಲರು ಹದಿನಾರೂವರೆ ಅಡಿ, ಒಟ್ಟು 28 ಅಡಿ. ಗಾಡಿಯು ನೇರವಾಗಿ ಬಂದು ನೇರವಾಗಿ ಹೋಗಲು ಎರಡೂ ತುದಿಗಳಲ್ಲಿ ಕನಿಷ್ಠ ಅಷ್ಟು ಬಯಲು ಬೇಕು. ಆ ಬಯಲು ಇಲ್ಲದವರು 14 ಅಡಿಯ ಖರ್ಚನ್ನು ಒಪ್ಪಿಕೊಳ್ಳಲೇಬೇಕು.

ಇನ್ನು ಉದ್ದ. ಮೂಕಿ ಸೇರಿ ಹದಿನಾರೂವರೆ ಅಡಿ. ಮುಂದೆ 2 ಅಡಿ. ಹಿಂದೆ ಹಲಗೆಯನ್ನು ಕೆಳಗಿಳಿಸಿ ಒಬ್ಬ ಆಳು ಮೂಟೆ ಹೊತ್ತು ನಿಲ್ಲಲು ಮೂರೂವರೆ ಅಡಿ. ಒಟ್ಟು 22 ಅಡಿ. ಅಗಲದಲ್ಲಿ ಟ್ರೇಲರಿನ ಆರೂವರೆ ಅಡಿಗೆ ಒಂದು ಪಕ್ಕ 3 ಅಡಿ, ಇನ್ನೊಂದು ಪಕ್ಕ ಎರಡೂವರೆ ಅಡಿ ಸೇರಿದರೆ 12 ಆಗುತ್ತದೆ. ವಿಸ್ತೀರ್ಣ 264 ಚದರ ಅಡಿ. 14 ಅಡಿ ಅಗಲವಾದರೆ 308. ಅಂದರೆ ಆರರಲ್ಲೊಂದು ಪಾಲು ಹೆಚ್ಚು. ನನ್ನ ಮೊದಲ ಕೊಟ್ಟಿಗೆಯ 14 ಅಡಿ ಉದ್ದವನ್ನು ಈ 22ರೊಂದಿಗೆ ಹೋಲಿಸಿ ನೋಡಿರಿ.

ಎತ್ತರದ ವಿಷಯದಲ್ಲಿ ಹೆಚ್ಚು ಯೋಚಿಸಬೇಕು. ಅನಂತಪುರ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ ಬೀಳುವ ಮಳೆಯೇ ಸುಮಾರು 55 ಸೆಂಟಿಮೀಟರು. ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರು ಅಕ್ಟೋಬರು ತಿಂಗಳುಗಳಲ್ಲಿ, ಶೇಂಗಾ ಕೀಳುವ ಹೊತ್ತಿಗೇ ಬರುತ್ತದೆ. ನೆನೆದ ಕಾಯಿಗೆ ಬೂಷ್ಟು ಹತ್ತುತ್ತದೆ. ಕೆಲವು ಜಾತಿಯ ಬೂಷ್ಟಿನಿಂದ ಅಫ್ಲಟಾಕ್ಸಿನ್ ಎಂಬ ವಿಷವು ಹುಟ್ಟಿ, ಕಾಯಿಯು ತಿನ್ನಲೂ ಮಾರಲೂ ಬಾರದಂತಾಗುತ್ತದೆ. ಆದುದರಿಂದ ಬರಿದಾದ ಟ್ರೇಲರಿನ ಎತ್ತರವನ್ನು ಅಳೆದರೆ ಸಾಲದು. ಮೋಡ ಕವಿದ ಸಂಜೆ ಮೂಟೆ ತುಂಬಿದ ಟ್ರೇಲರು ಹಾಗೆಯೇ ಒಳಗೆ ಬರುವಂತಿರಬೇಕು. ಮೂಟೆಗಳ ಮೇಲ್ತುದಿ ನೆಲದಿಂದ ಸುಮಾರು 8 ಅಡಿ. ಟ್ರ್ಯಾಕ್ಟರಿನ ಮೇಲಿನ ನೆರಳು ಚಾವಣಿಯೂ ಹೆಚ್ಚುಕಡಮೆ ಅಷ್ಟೇ. ಶೇಂಗಾ ಹೊಟ್ಟನ್ನು ಹೇರಿದರೆ 11 ಅಥವಾ 12 ಅಡಿಗೆ ಏರುತ್ತದೆ. ಅದಕ್ಕೂ ಸಾಲುವಂತೆ ಕಟ್ಟಬೇಕೇ?

ಬೇಡವೆಂಬುದು ನನ್ನ ಅಭಿಪ್ರಾಯ. ಹೊಟ್ಟನ್ನು ಬಣವೆ ಹಾಕುವ ಪದ್ಧತಿ ನಮ್ಮಲ್ಲಿ ಮೊದಲಿನಿಂದಲೂ ಉಂಟು. ಕೊಟ್ಟಿಗೆಯು ಎತ್ತರವಾದಷ್ಟೂ ಇರಚಲು ಒಳಗೆ ಬರುತ್ತದೆ. ಮಳೆಹನಿಯು 45 ಡಿಗ್ರಿ ಓರೆಯಾಗಿ ಬಿದ್ದರೆ, ತೆರೆದ ಬದಿ ಎಷ್ಟು ಅಡಿ ಎತ್ತರವೋ ಅಷ್ಟು ಅಡಿ ಒಳಗಿನ ನೆಲ ನೆನೆಯುತ್ತದೆ. ಆದುದರಿಂದ ಮೂಟೆಯ 8 ಅಡಿಗೆ ಒಂದೂವರೆ ಅಡಿ ಸೇರಿಸಿರಿ. ಮುಂದೆ ಎಂದಾದರೂ ನೆಲ ಕೆಸರಾಯಿತೆಂದು ಗರಸು ಹೊಡೆಸುವಿರಿ. ಆಗ ಅರ್ಧ ಅಡಿ ನೆಲವೇ ಮೇಲೇರುವುದು. ಅದಕ್ಕಾಗಿ ಇನ್ನರ್ಧ ಅಡಿ. ಒಟ್ಟು 10 ಅಡಿ. ಈ 10 ಅಡಿಯನ್ನು ಚಾವಣಿಯ ತುದಿಯಲ್ಲಿ ಅಳೆಯಬಾರದು, ಅತ್ಯಂತ ತಗ್ಗಿನಲ್ಲಿರುವ ತೊಲೆಯ ಕೆಳಗೆ ಅಳೆಯಬೇಕು. ಮೂಟೆಗೆ ತಾಗುವುದು ತೊಲೆಯೇ ಹೊರತು ತುದಿಯಲ್ಲ.

ಅಮೆರಿಕ ದೇಶದಲ್ಲಿ ಕುಟುಂಬದವರು ಮೋಟಾರಿನ ಹಿಂದೆ ಕಟ್ಟಿಕೊಂಡು ಊರೂರು ಸುತ್ತುವ ಗಾಲಿಮನೆಗಳುಂಟು. ಒಳಗೆ ಹಾಸಿಗೆ, ಒಲೆ, ನೀರಿನ ತೊಟ್ಟಿ ಎಲ್ಲವೂ ಇರುತ್ತವೆ. ಪ್ರವಾಸವಿಲ್ಲದ ತಿಂಗಳುಗಳಲ್ಲಿ ಅವುಗಳನ್ನು ನಿಲ್ಲಿಸಲು ಅಲ್ಲಿಯ ಜನರೂ ನೆಲದಲ್ಲಿ ಮರದ ಕಂಬಗಳನ್ನು ಹೂಳಿ ಕೊಟ್ಟಿಗೆ ಕಟ್ಟುತ್ತಾರೆ. ಅಲ್ಲಿಯೂ ಮೂಕಿಯನ್ನು ಬಿಟ್ಟು ಉದ್ದವನ್ನು ಹೇಳುವುದೂ, ಗಾಲಿಮನೆಯ ನೆತ್ತಿಯ ಮೇಲಿನ ತಂಪುಯಂತ್ರವನ್ನು ಬಿಟ್ಟು ಎತ್ತರವನ್ನು ಹೇಳುವುದೂ ಸುಲಭವಾಗಿ ಆಗಬಹುದಾದ ತಪ್ಪುಗಳೇ. ಹಿಮ ಬೀಳುವ ಕಡೆಗಳಲ್ಲಿ ಅವರು ಹಿಮದ ಭಾರವು ಚಾವಣಿಯನ್ನು ಕೆಳಕ್ಕೆ ಒತ್ತುವುದನ್ನು ಲೆಕ್ಕ ಹಾಕಬೇಕು. ನಮಗೆ ಹಿಮದ ಭಯವಿಲ್ಲ. ನಮ್ಮ ಭಯವು ಇದಕ್ಕೆ ವಿರುದ್ಧವಾದುದು. ಗಾಳಿಯು ಚಾವಣಿಯನ್ನು ಮೇಲಕ್ಕೆ ಎತ್ತುತ್ತದೆ.

ಕಲ್ಯಾಣದುರ್ಗದ ಕಡೆಯ ಗುಡ್ಡಗಳ ಮೇಲೆ ಗಾಳಿಯಿಂದ ವಿದ್ಯುತ್ತು ಉತ್ಪಾದಿಸುವ ಯಂತ್ರಗಳು ತಿರುಗುವುದನ್ನು ನೀವೆಲ್ಲರೂ ಕಂಡಿದ್ದೀರಿ. ಜೂನ್ ತಿಂಗಳಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಎಡೆಬಿಡದೆ ಬೀಸುವುದಲ್ಲದೆ, ಬೇಸಗೆಯ ಕೊನೆಯ ಗುಡುಗುಮಳೆಯಲ್ಲಿ ಬಿರುಗಾಳಿಯೂ ಏಳುತ್ತದೆ. ಗಂಟೆಗೆ 100 ಕಿಲೋಮೀಟರು ವೇಗದ ಗಾಳಿಯೆಂದರೆ ಸೆಕೆಂಡಿಗೆ ಸುಮಾರು 28 ಮೀಟರು. ಗಾಳಿಯ ಒತ್ತಡವು ವೇಗದ ವರ್ಗವನ್ನು 0.6ರಿಂದ ಗುಣಿಸಿದಷ್ಟು ನ್ಯೂಟನ್ ಎಂಬುದು ಎಂಜಿನಿಯರುಗಳ ಸೂತ್ರ. 28ರ ವರ್ಗ 784, 0.6ರಿಂದ ಗುಣಿಸಿದರೆ 470. ಅಂದರೆ ಚದರ ಮೀಟರಿಗೆ ಸುಮಾರು 48 ಕಿಲೋ ತೂಕದಷ್ಟು ಬಲ.

ನಮ್ಮ ಕೊಟ್ಟಿಗೆಯ ಚಾವಣಿಯ ವಿಸ್ತೀರ್ಣವೆಷ್ಟು? ಇಲ್ಲಿ ಪೈಥಾಗೊರಸನ ಪ್ರಮೇಯವು ಉಪಯೋಗಕ್ಕೆ ಬರುತ್ತದೆ. ಒಂದೇ ಇಳಿಜಾರಿನ ಚಾವಣಿಯನ್ನಿಟ್ಟು, 6 ಅಡಿಗೆ 1 ಅಡಿಯಂತೆ ಇಳಿಸೋಣ. ಎರಡೂ ಬದಿಗೆ ಒಂದೂವರೆ ಅಡಿ ಸೂರು ಚಾಚಿದರೆ ಅಡ್ಡಳತೆ 15 ಅಡಿ, ಏರಿಕೆ ಎರಡೂವರೆ ಅಡಿ. 15ರ ವರ್ಗ 225, ಎರಡೂವರೆಯ ವರ್ಗ 6.25, ಕೂಡಿದರೆ 231.25, ಅದರ ವರ್ಗಮೂಲ 15.2. ಎಂಟೆಂಟು ಅಡಿಯ ಎರಡು ತಗಡುಗಳನ್ನು 9 ಅಂಗುಲ ಒಂದರ ಮೇಲೊಂದು ಬರುವಂತೆ ಹೊದಿಸಿದರೆ ಹದಿನೈದೂಕಾಲು ಅಡಿಯಾಗುತ್ತದೆ. ತಗಡು ಕತ್ತರಿಸುವ ಕೆಲಸವೇ ಇಲ್ಲ. ಸೂರು ಸೇರಿ ಚಾವಣಿಯ ಉದ್ದ 25 ಅಡಿ. 25ನ್ನು 15.2ರಿಂದ ಗುಣಿಸಿದರೆ 380 ಚದರ ಅಡಿ, ಅಂದರೆ ಸುಮಾರು 35 ಚದರ ಮೀಟರು. ಇದನ್ನು 48ರಿಂದ ಗುಣಿಸಿರಿ: 1,680 ಕಿಲೋ! ತಗಡುಗಳ ಒಟ್ಟು ತೂಕವಾದರೋ 175 ಕಿಲೋ ಹತ್ತಿರ. ಇದು ಒರಟು ಲೆಕ್ಕವೇ ಸರಿ. ಚಾವಣಿಯ ಆಕಾರ, ಗಾಳಿ ಬರುವ ದಿಕ್ಕುಗಳನ್ನು ನೋಡಿ ಎಂಜಿನಿಯರು ಇದನ್ನು ತಿದ್ದಬಲ್ಲರು. ಆದರೂ ತಗಡಿನ ಮೇಲೆ ನಾಲ್ಕು ಕಲ್ಲು ಹೇರಿ ನಿಶ್ಚಿಂತರಾಗುವವರು ಈ ಎರಡು ಅಂಕಿಗಳನ್ನು ಒಮ್ಮೆ ನೋಡಬೇಕು. ಹಾರಿದ ತಗಡು ಕತ್ತಿಯಂತೆ ಬರುತ್ತದೆ. ಅದರೊಡನೆ ಆ ಕಲ್ಲುಗಳೂ ಬರುತ್ತವೆ.

ಬದಿಗೆ ನಾಲ್ಕರಂತೆ ಎಂಟು ಕಂಬಗಳನ್ನಿಟ್ಟರೆ ಒಂದೊಂದು ಕಂಬವೂ ಸರಾಸರಿ 210 ಕಿಲೋ ಬಲವನ್ನು ಕೆಳಕ್ಕೆ ಹಿಡಿಯಬೇಕು. ಆದುದರಿಂದ ಕಂಬವನ್ನು 3 ಅಡಿ ಆಳ ಹೂತು ಕಾಂಕ್ರೀಟು ಹಾಕಬೇಕು. ಕಂಬಕ್ಕೆ ತೊಲೆ, ತೊಲೆಗೆ ಅಡ್ಡಪಟ್ಟಿ, ಅಡ್ಡಪಟ್ಟಿಗೆ ತಗಡು, ಹೀಗೆ ಎಲ್ಲವೂ ಬೋಲ್ಟುಗಳಿಂದ ಬಿಗಿದಿರಬೇಕು. ತಗ್ಗಿನ ಬದಿಯ ಕಂಬ 13 ಅಡಿ, ಎತ್ತರದ ಬದಿಯದು 15 ಅಡಿ ಆಗುತ್ತದೆ. ನಮ್ಮ ಸೀಮೆಯ ಕಲ್ಲುಕಂಬ ತೋಟದ ಬೇಲಿಗೆ ಒಳ್ಳೆಯದು. ಆದರೆ ಕಲ್ಲು ಭಾರವನ್ನು ಹೊರುವಷ್ಟು ಚೆನ್ನಾಗಿ ಬಾಗುವ ಬಲವನ್ನು ತಡೆಯಲಾರದು. ಇಷ್ಟುದ್ದಕ್ಕೆ ಕಬ್ಬಿಣದ ಪೈಪೇ ಮೇಲು.

ದಿಕ್ಕಿನ ವಿಚಾರವೂ ಉಂಟು. ಮೂರು ಕಡೆ ಮುಚ್ಚಿ ಪಡುವಣಕ್ಕೆ ಬಾಯಿ ತೆರೆದ ಕೊಟ್ಟಿಗೆಯು ಗಾಳಿಯನ್ನು ಚೀಲದಂತೆ ತುಂಬಿಕೊಳ್ಳುತ್ತದೆ; ಒಳಗಿನ ಒತ್ತಡವೂ ಹೊರಗಿನ ಸೆಳೆತವೂ ಕೂಡಿ ತಗಡನ್ನು ಎತ್ತುತ್ತವೆ. ಕೊಟ್ಟಿಗೆಯ ಉದ್ದವನ್ನು ಉತ್ತರ ದಕ್ಷಿಣವಾಗಿಟ್ಟು, ಆ ಎರಡು ತುದಿಗಳನ್ನು ತೆರೆದು, ಪಡುವಣ ಬದಿಯನ್ನು ಮುಚ್ಚಿ, ಚಾವಣಿಯ ತಗ್ಗನ್ನು ಆ ಕಡೆಗೇ ಇಡುವುದು ಸರಿ. ಮಧ್ಯಾಹ್ನದ ಮೇಲಿನ ಬಿಸಿಲು ಟೈರುಗಳಿಗೆ ತಾಗದಿರುವುದು ಇದರಿಂದ ದೊರೆಯುವ ಇನ್ನೊಂದು ಲಾಭ. ಮೂಡಣ ಬದಿಯಲ್ಲಿ ಮೇಲಿನ 4 ಅಡಿಗೆ ತಗಡನ್ನು ಇಳಿಬಿಟ್ಟರೆ ಇರಚಲು ಬಹುಮಟ್ಟಿಗೆ ನಿಲ್ಲುತ್ತದೆ.

ಟ್ರ್ಯಾಕ್ಟರನ್ನೂ ಒಳಗೇ ನಿಲ್ಲಿಸಬೇಕೆನ್ನುವವರು ಒಂದರ ಹಿಂದೊಂದು ನಿಲ್ಲಿಸಿದರೆ ಉದ್ದ 34 ಅಡಿ, ವಿಸ್ತೀರ್ಣ 408 ಚದರ ಅಡಿ. ಅಕ್ಕಪಕ್ಕದಲ್ಲಿ ನಿಲ್ಲಿಸಲು ಅಗಲವನ್ನು 8 ಅಡಿ ಹೆಚ್ಚಿಸಿದರೆ 440 ಚದರ ಅಡಿ. ಅಕ್ಕಪಕ್ಕದ ಕೊಟ್ಟಿಗೆಯಲ್ಲಿ ಟ್ರೇಲರನ್ನು ಅಲುಗಿಸದೆಯೇ ಟ್ರ್ಯಾಕ್ಟರನ್ನು ಉಳುಮೆಗೆ ಒಯ್ಯಬಹುದಾದುದರಿಂದ, ಆ 32 ಚದರ ಅಡಿಗಳ ಖರ್ಚು ದಂಡವಲ್ಲವೆಂದು ನನಗೆ ತೋರುತ್ತದೆ.

ಪೋಷಕ ಮಹಾಶಯರಲ್ಲಿ ಒಂದು ವಿಜ್ಞಾಪನೆ. ಗುಂಡಿ ತೋಡಿಸುವ ಮೊದಲು ಗೂಟ ನೆಟ್ಟು ಹಗ್ಗ ಕಟ್ಟಿ, ಮೂಟೆ ತುಂಬಿದ ಟ್ರೇಲರನ್ನು ನಿಮ್ಮ ಚಾಲಕನಿಂದ ಎರಡು ಬಾರಿ ಒಳಗೂ ಹೊರಗೂ ನಡೆಸಿ ನೋಡಿರಿ. ಅರ್ಧ ದಿನದ ಕೆಲಸ. ಉರುಳಿದ ಗೂಟವನ್ನು ಮತ್ತೆ ನೆಡಲು ಖರ್ಚಿಲ್ಲ. ಹಗ್ಗ, ಟೇಪುಗಳನ್ನು ಶಾಲೆಯಿಂದ ಕೊಡುತ್ತೇವೆ; ಬೇಕೆಂದವರಿಗೆ ಹತ್ತನೆಯ ತರಗತಿಯ ಹುಡುಗರು ಬಂದು ಅಳೆದುಕೊಡುತ್ತಾರೆ.

ಅಭ್ಯಾಸ: (1) ನಿಮ್ಮ ಮನೆಯ ಅಥವಾ ನೆರೆಮನೆಯ ಗಾಡಿಯನ್ನು ಮೂಕಿಯ ತುದಿಯಿಂದ ಹಿಂದಿನ ಹಲಗೆಯ ಹೊರಅಂಚಿನವರೆಗೆ ಅಳೆಯಿರಿ. ಹಲಗೆ ಮುಚ್ಚಿದಾಗ ಎಷ್ಟು, ತೆರೆದಾಗ ಎಷ್ಟು? (2) ಮೇಲೆ ಹೇಳಿದ ಚಾವಣಿಯ ಅಡ್ಡಳತೆ 17 ಅಡಿಯಾಗಿ, ಇಳಿಜಾರು 6ಕ್ಕೆ 1ರಂತೆಯೇ ಇದ್ದರೆ, ಎಂಟೆಂಟು ಅಡಿಯ ಎರಡು ತಗಡುಗಳು ಸಾಲುವುವೇ? (3) ಗಾಳಿಯ ವೇಗವು ಇಮ್ಮಡಿಯಾದರೆ ಒತ್ತಡವು ಎಷ್ಟು ಮಡಿಯಾಗುತ್ತದೆ? ಉತ್ತರಗಳನ್ನು ಬೇಸಗೆ ರಜೆ ಕಳೆದು ಶಾಲೆ ತೆರೆದ ಮೊದಲ ವಾರದಲ್ಲಿ ನನ್ನಲ್ಲಿಗೆ ತಂದು ತೋರಿಸತಕ್ಕದ್ದು.