ಅಂತರ್ಜಾಲದ ಖರೀದಿಗೊಂದು ಲೆಕ್ಕದ ಹಾಳೆ

ನಮ್ಮಲ್ಲಿ ಹಲವರು ಹಗಲೆಲ್ಲ ಪರರ ಲೆಕ್ಕ ಬರೆಯುವವರು. ಕಚೇರಿಯ ಕೀರ್ದಿಯಲ್ಲಿ ಹತ್ತು ರೂಪಾಯಿ ತಾಳೆಯಾಗದಿದ್ದರೆ, ಮನೆಗೆ ಹೋಗುವ ಗಾಡಿ ತಪ್ಪಿದರೂ ಸರಿಯೆಂದು ಕುಳಿತು ಹುಡುಕುತ್ತೇವೆ. ಆದರೆ ಮೊಬೈಲಿನಲ್ಲಿ ನಾವೇ ತರಿಸಿಕೊಂಡ ಸಾಮಾನಿನ ಲೆಕ್ಕವನ್ನು ಯಾರಾದರೂ ಕೇಳಿದರೆ ತಲೆ ಕೆರೆದುಕೊಳ್ಳುತ್ತೇವೆ.

ವಾಚನಾಲಯಕ್ಕೆ ನಿತ್ಯ ಬರುವ ಮಿತ್ರರೊಬ್ಬರು ಊರಿನಲ್ಲಿರುವ ತಾಯಿಗೆಂದು ಹಬ್ಬಕ್ಕೆ ಸೀರೆ ತರಿಸಿದ್ದರು. ಬಂದದ್ದು ಬೇರೆ ಸೀರೆ. ಅದನ್ನು ಹಿಂದಕ್ಕೆ ಕಳುಹಿಸಿದರು. ಹಣ ಮರಳುವುದೆಂದು ಸಂದೇಶ ಬಂತು, ಹಣ ಬರಲಿಲ್ಲ. ಅದು ಅವರಿಗೆ ನೆನಪಾದದ್ದು ನಾಲ್ಕು ತಿಂಗಳ ಮೇಲೆ, ಊರಿಗೆ ಕಳುಹಿಸುವ ಹಣದಲ್ಲಿ ಕೊರತೆ ಬಿದ್ದಾಗ. ಅಷ್ಟರಲ್ಲಿ ಆರ್ಡರ್ ಸಂಖ್ಯೆಯಿದ್ದ ಸಂದೇಶವನ್ನೂ ಅಳಿಸಿಬಿಟ್ಟಿದ್ದರು. ಇಂಥ ನಷ್ಟ ನಮ್ಮಲ್ಲಿ ಇನ್ನೊಬ್ಬರಿಗೆ ಆಗದಿರಲೆಂದು ಈ ಪಾಠವನ್ನು ಬರೆಯುತ್ತಿದ್ದೇವೆ.

ಅಂಗಡಿಯಲ್ಲಿ ನಿಂತು ಕೊಂಡರೆ ಹಣ ಕೊಟ್ಟು ಸಾಮಾನು ತರುವಲ್ಲಿಗೆ ವ್ಯವಹಾರ ತೀರಿತು. ಅಂತರ್ಜಾಲದಲ್ಲಿ ಹಾಗಲ್ಲ. ಹಣ ಕೊಟ್ಟ ದಿನ ಒಂದು, ಸಾಮಾನು ತಲುಪಿದ ದಿನ ಇನ್ನೊಂದು, ಹಿಂದಿರುಗಿಸಲು ಕೊನೆಯ ದಿನ ಮತ್ತೊಂದು, ಹಣ ಮರಳುವ ದಿನ ಬೇರೊಂದು. ಪೊಟ್ಟಣ ಮನೆಗೆ ಬಂದ ಮಾತ್ರಕ್ಕೆ ಖರೀದಿ ಮುಗಿಯಲಿಲ್ಲವೆಂಬುದೇ ಈ ಪಾಠದ ಸಾರ.

ಇದಕ್ಕೆ ತಕ್ಕ ಸಾಧನ ಸ್ಪ್ರೆಡ್‌ಶೀಟ್, ಎಂದರೆ ಲೆಕ್ಕದ ಹಾಳೆ. ಅಮೆರಿಕದ ಹಾರ್ವರ್ಡ್ ವಾಣಿಜ್ಯ ಶಾಲೆಯಲ್ಲಿ ಓದುತ್ತಿದ್ದ ಡ್ಯಾನ್ ಬ್ರಿಕ್ಲಿನ್ ಅವರಿಗೆ ಇದರ ಕಲ್ಪನೆ ಹೊಳೆದದ್ದು 1978ರಲ್ಲಿ. ಕರಿಹಲಗೆಯ ಕೋಷ್ಟಕದಲ್ಲಿ ಒಂದು ಅಂಕಿ ಬದಲಾದರೆ ಉಳಿದವನ್ನೆಲ್ಲ ಅಳಿಸಿ ಬರೆಯಬೇಕಾಗುತ್ತಿತ್ತು. ಆ ಕೆಲಸವನ್ನು ಯಂತ್ರವೇ ಏಕೆ ಮಾಡಬಾರದೆಂದು ಅವರು ಯೋಚಿಸಿದರು. ಬಾಬ್ ಫ್ರಾಂಕ್‌ಸ್ಟನ್ ಅವರೊಡನೆ ಸೇರಿ ಅವರು ರಚಿಸಿದ ವಿಸಿಕ್ಯಾಲ್ಕ್ 1979ರಲ್ಲಿ ಮಾರಾಟಕ್ಕೆ ಬಂತು. ಇಂದಿನ ಎಕ್ಸೆಲ್ ಮತ್ತು ಗೂಗಲ್ ಶೀಟ್ಸ್ ಅದೇ ವಂಶದವು. ಗೂಗಲ್ ಖಾತೆಯಿದ್ದವರು ಶೀಟ್ಸನ್ನು ಮೊಬೈಲಿನಲ್ಲಿಯೇ ಹಣ ಕೊಡದೆ ಬಳಸಬಹುದು.

ಹಾಳೆಯಲ್ಲಿ ಮೇಲಿನಿಂದ ಕೆಳಕ್ಕೆ ಅಂಕಣಗಳು, ಅಡ್ಡಡ್ಡ ಸಾಲುಗಳು. ಎರಡೂ ಕೂಡುವಲ್ಲಿ ಒಂದು ಮನೆ. ‘ಡಿ’ ಅಂಕಣದ ಎರಡನೆಯ ಸಾಲಿನ ಮನೆಯ ಹೆಸರು ಡಿ2. ಮೊದಲ ಸಾಲಿನಲ್ಲಿ ಈ ತಲೆಬರಹಗಳನ್ನು ಬರೆಯಿರಿ:

ಎ – ಆರ್ಡರ್ ಮಾಡಿದ ದಿನ
ಬಿ – ಸಾಮಾನು
ಸಿ – ಮಾರಿದವರು, ಆರ್ಡರ್ ಸಂಖ್ಯೆ
ಡಿ – ರಿಯಾಯಿತಿ ಕಳೆದ ಬೆಲೆ
ಇ – ಸಾಗಣೆ ಮುಂತಾದ ಶುಲ್ಕ
ಎಫ್ – ಒಟ್ಟು
ಜಿ – ತಲುಪಿದ ದಿನ
ಎಚ್ – ಹಿಂದಿರುಗಿಸಲು ಕೊಟ್ಟ ದಿನಗಳು
ಐ – ಕೊನೆಯ ದಿನ
ಜೆ – ಮರಳಬೇಕಾದ ಹಣ
ಕೆ – ಮರಳಿದ ಹಣ
ಎಲ್ – ಬಾಕಿ

ಇವುಗಳಲ್ಲಿ ಎಫ್, ಐ, ಎಲ್ ಈ ಮೂರನ್ನು ನಾವು ತುಂಬಬೇಕಾಗಿಲ್ಲ, ಯಂತ್ರವೇ ತುಂಬುತ್ತದೆ. ಎಫ್2ರಲ್ಲಿ =ಡಿ2+ಇ2, ಐ2ರಲ್ಲಿ =ಜಿ2+ಎಚ್2, ಎಲ್2ರಲ್ಲಿ =ಜೆ2-ಕೆ2 ಎಂಬ ಸೂತ್ರಗಳನ್ನು ಬರೆಯಿರಿ. ಇಲ್ಲಿ ಕನ್ನಡದಲ್ಲಿ ಅಚ್ಚಾಗಿರುವ ಸೂತ್ರಗಳನ್ನು ಹಾಳೆಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿಯೇ ಒತ್ತಬೇಕು. ಆಮೇಲೆ ಆ ಮನೆಗಳನ್ನು ನಕಲು ಮಾಡಿ ಕೆಳಗಿನ ಸಾಲುಗಳಲ್ಲಿ ಅಂಟಿಸಿದರೆ ಸಾಲಿನ ಸಂಖ್ಯೆ ತಾನಾಗಿ ಬದಲಾಗುತ್ತದೆ. ಐ ಅಂಕಣವನ್ನು ತಾರೀಖಿನ ರೂಪಕ್ಕೆ ಹೊಂದಿಸಿ. ಹಾಳೆಯ ದೇಶವನ್ನು ಭಾರತವೆಂದು ಆರಿಸಿರದಿದ್ದರೆ, ನೀವು ಆಗಸ್ಟ್ 5ಕ್ಕೆಂದು 5/8 ಎಂದು ಬರೆದದ್ದನ್ನು ಅದು ಮೇ 8 ಎಂದು ಓದೀತು, ಎಚ್ಚರ!

ಒಂದು ಉದಾಹರಣೆ. ಸೀರೆಯ ಬೆಲೆ 1,140 ರೂಪಾಯಿ, ಸಾಗಣೆ 60. ಎಫ್ ಮನೆಯಲ್ಲಿ 1,200 ಬರುತ್ತದೆ. ತಲುಪಿದ್ದು ಆಗಸ್ಟ್ 12, ಹಿಂದಿರುಗಿಸಲು 7 ದಿನ. ಐ ಮನೆ ಆಗಸ್ಟ್ 19 ಎಂದು ತೋರಿಸುತ್ತದೆ. ಈ ಅವಧಿ ವಸ್ತುವಿನಿಂದ ವಸ್ತುವಿಗೆ ಬೇರೆಯಾದ್ದರಿಂದ ಕೊಳ್ಳುವ ಮುನ್ನವೇ ಓದಿಕೊಳ್ಳಬೇಕು. ಸೀರೆ ಹಿಂದಿರುಗಿಸಿದಿರಿ, ಮಾರಿದವರು 1,140 ಕೊಡುವುದಾಗಿ ಒಪ್ಪಿದರು ಎನ್ನೋಣ. ಅದನ್ನು ಜೆ ಮನೆಯಲ್ಲಿ ಬರೆಯಿರಿ. ಎಲ್ ಮನೆಯಲ್ಲಿ 1,140 ಬಾಕಿ ನಿಲ್ಲುತ್ತದೆ. ಹಣ ಬಂದು ಕೆ ಮನೆ ತುಂಬುವವರೆಗೆ ಅದು ಸೊನ್ನೆಯಾಗದು. ಬ್ಯಾಂಕಿಗೆ ಜಮೆಯಾದದ್ದನ್ನು ಕಣ್ಣಾರೆ ಕಂಡ ಮೇಲೆಯೇ ಕೆ ಮನೆಯಲ್ಲಿ ಬರೆಯಬೇಕು. ‘ಮರಳಿಸಿದ್ದೇವೆ’ ಎಂಬ ಸಂದೇಶ ಹಣವಲ್ಲ.

ಕೊನೆಗೆ ಎನ್1ರಲ್ಲಿ =ಸಮ್(ಎಲ್2:ಎಲ್200) ಎಂದು ಬರೆಯಿರಿ. ನಿಮಗೆ ಬರಬೇಕಾದ ಹಣವೆಲ್ಲ ಒಂದೇ ಮನೆಯಲ್ಲಿ ಕಾಣುತ್ತದೆ. ಎನ್2ರಲ್ಲಿ =ಸಮ್(ಎಫ್2:ಎಫ್200)-ಸಮ್(ಕೆ2:ಕೆ200) ಎಂದರೆ ನಿಜವಾಗಿ ಕೈಬಿಟ್ಟುಹೋದ ಹಣ. ಈ ಎರಡನೆಯ ಅಂಕಿಯನ್ನು ಮೊದಲ ಸಲ ನೋಡಿದಾಗ ನಾವೂ ಬೆಚ್ಚಿದೆವು. ನೂರು, ಇನ್ನೂರು ಎಂದು ಕೊಟ್ಟದ್ದು ಕೂಡಿ ಒಂದು ತಿಂಗಳ ಬಾಡಿಗೆಯನ್ನು ಮೀರಿತ್ತು.

ಬಾಕಿ ಬಾರದಿದ್ದರೆ ಈ ಹಾಳೆಯೇ ನಿಮ್ಮ ದೂರಿನ ಆಧಾರ. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಅಂತರ್ಜಾಲದ ಅಂಗಡಿಯು ಒಬ್ಬ ಕುಂದುಕೊರತೆ ಅಧಿಕಾರಿಯನ್ನು ನೇಮಿಸಬೇಕು. ದೂರು ಮುಟ್ಟಿತೆಂದು ಆತ 48 ಗಂಟೆಗಳೊಳಗೆ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ನಮ್ಮಂಥ ಪರಸ್ಥಳದವರಿಗೆ ಇನ್ನೊಂದು ಅನುಕೂಲವುಂಟು: 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ನಾವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಕೊಡಬಹುದು. ಅಂಗಡಿಯವರ ಊರನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ.

ಒಂದು ಎಚ್ಚರಿಕೆ: ಕಾರ್ಡಿನ ಸಂಖ್ಯೆ, ಪಿನ್, ಗುಪ್ತಪದ ಇವನ್ನು ಹಾಳೆಯಲ್ಲಿ ಎಂದಿಗೂ ಬರೆಯಬೇಡಿ.

ಭಾನುವಾರ ಹತ್ತು ನಿಮಿಷ ಇದಕ್ಕೆ ಮೀಸಲಿಟ್ಟರೆ ಸಾಕು. ಯಂತ್ರದ ಅಭ್ಯಾಸವಿಲ್ಲದವರು ಇದೇ ಹನ್ನೆರಡು ಅಂಕಣಗಳನ್ನು ನೋಟುಪುಸ್ತಕದಲ್ಲಿ ಗೆರೆಯೆಳೆದು ಬರೆದರೂ ಆಗುತ್ತದೆ; ಕೂಡಿ ಕಳೆಯುವ ಶ್ರಮ ಮಾತ್ರ ತಮ್ಮದು. ಬೆವರು ಸುರಿಸಿ ಗಳಿಸಿದ ಹಣ ಮರೆವಿನಿಂದ ಹೋಗದಿರಲಿ.