ಹಗೇವಿನ ದೀಪ ಆರಿಸಿದ್ದು ಯಾರು?

ಕಾಳು ಉಸಿರಾಡುವ ಲೆಕ್ಕ: ಒಂದು ಪಾಠ

ಆಗ ನನಗೆ ಎಂಟೋ ಒಂಬತ್ತೋ ವರ್ಷ. ಜಾಲಹಳ್ಳಿಯ ನಮ್ಮ ಹಳೇ ಮನೆ ಮುಂದೆ ಒಂದು ಹಗೇವು ಇತ್ತು. ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ, ಹಗೇವು ಅಂದರೆ ನೆಲದೊಳಗೆ ತೋಡಿದ ರಾಗಿ ಗುಂಡಿ. ಬಾಯಿ ಕಿರಿದು, ಒಬ್ಬ ಆಳು ಇಳಿಯುವಷ್ಟು. ಹೊಟ್ಟೆ ಅಗಲ. ತಳಕ್ಕೆ, ಸುತ್ತ ಗೋಡೆಗೆ ರಾಗಿ ಹುಲ್ಲು ಒತ್ತಿ, ಚೆನ್ನಾಗಿ ಒಣಗಿದ ರಾಗಿ ಸುರಿದು, ಮೇಲೆ ಮತ್ತೆ ಹುಲ್ಲು ಹಾಕಿ, ಕಲ್ಲು ಚಪ್ಪಡಿ ಮುಚ್ಚಿ ಮಣ್ಣು ಮೆತ್ತುವುದು. ಹಾಗೆ ಹಾಕಿದ ರಾಗಿ ವರ್ಷಗಟ್ಟಲೆ ಇರುತ್ತಿತ್ತು. ಬರಗಾಲಕ್ಕೆ ಅದೇ ನಮ್ಮ ಬ್ಯಾಂಕು.

ಆ ದಿನ ತಾತ ಹಗೇವು ತೆಗೆಸಿದರು. ಚಪ್ಪಡಿ ಸರಿಸಿ ಅರ್ಧ ದಿನ ಹಾಗೇ ಬಿಟ್ಟರು. ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಒಳಗೆ ಇಳಿಬಿಟ್ಟರು. ಒಂದು ಆಳು ಆಳ ಹೋಗುವಷ್ಟರಲ್ಲಿ ದೀಪ ಪಕ್ಕೆಂದು ಆರಿಹೋಯಿತು. ಗಾಳಿ ಇಲ್ಲ, ಯಾರೂ ಊದಲಿಲ್ಲ.

“ಯಾರ್ ತಾತ ಆರ್ಸಿದ್ದು?” ಅಂದೆ.

“ರಾಗಿ ಉಸುರು ಕಣ್ಲಾ ಮಗ. ಕಾಳ್ಗೂ ಜೀವ ಐತೆ. ಈಗ ಇಳುದ್ರೆ ನಮ್ ದೀಪಾನೂ ಹಿಂಗೇ ಆರೋಯ್ತದೆ” ಅಂದರು.

ಆ ದಿನ ಯಾರೂ ಇಳಿಯಲಿಲ್ಲ. ಮಾರನೇ ದಿನ ದೀಪ ಆರದೆ ತಳ ಮುಟ್ಟಿದ ಮೇಲೇ ಆಳು ಇಳಿದದ್ದು. ತಾತನಿಗೆ ಓದು ಬರುತ್ತಿರಲಿಲ್ಲ. ನಾನು ಏಳನೇ ಕ್ಲಾಸಿನವರೆಗೆ ಓದಿದೆ. ಉಸಿರಾಟದ ಪಾಠವನ್ನೂ ಬಾಯಿಪಾಠ ಮಾಡಿದೆ. ಆದರೆ ಆ ಪಾಠಕ್ಕೂ ನಮ್ಮ ಹಗೇವಿಗೂ ಸಂಬಂಧ ಇದೆ ಅಂತ ನನಗೆ ಹೊಳೆಯಲೇ ಇಲ್ಲ. ಹೊಳೆದದ್ದು ಏಟು ತಿಂದ ಮೇಲೆ.

ನಾನು ತಿಂದ ಏಟು

ಎಚ್.ಎಂ.ಟಿ. 1953ರಲ್ಲಿ, ಬಿ.ಇ.ಎಲ್. 1954ರಲ್ಲಿ ಬಂದ ಮೇಲೆ ಜಾಲಹಳ್ಳಿ ನಿಧಾನಕ್ಕೆ ಊರು ಹೋಗಿ ಪೇಟೆ ಆಯಿತು. ಹಗೇವು ಇದ್ದ ಜಾಗದ ಮೇಲೆ ಈಗ ಟಾರು ರಸ್ತೆ. ಹೆಸರಘಟ್ಟದಾಚೆ ಎರಡು ಎಕರೆ ಕೆಂಪು ಮಣ್ಣಿನ ಹೊಲ ಉಳಿಸಿಕೊಂಡು ಮಳೆ ನಂಬಿ ರಾಗಿ, ಅವರೆ, ಹುಚ್ಚೆಳ್ಳು ಬೆಳೆಯುತ್ತೇನೆ.

2021ರ ನವೆಂಬರ್ ಮಳೆ ಯಾರು ಮರೆತಾರು? ಕೊಯ್ಲಿನ ಹೊತ್ತಿಗೆ ಬಿಡದೆ ಹೊಡೆಯಿತು. ಎಷ್ಟೋ ಹೊಲದಲ್ಲಿ ರಾಗಿ ತೆನೆಯಲ್ಲೇ ಮೊಳೆಯಿತು. ನಾನು ಸಿಕ್ಕ ಒಂದೆರಡು ದಿನದ ಬಿಸಿಲಲ್ಲಿ ಅವಸರಕ್ಕೆ ಒಕ್ಕಣೆ ಮಾಡಿಸಿ ಹನ್ನೊಂದು ಚೀಲ ತುಂಬಿದೆ. ಮತ್ತೆ ಮಳೆ ಬಂದೀತು ಅಂತ ಪ್ಲಾಸ್ಟಿಕ್ ಟಾರ್ಪಾಲು ಹೊದಿಸಿ ಬಿಗಿಯಾಗಿ ಕಟ್ಟಿದೆ. ಐದನೇ ದಿನ ಬಿಚ್ಚಿ ನಡುವಿನ ಚೀಲಕ್ಕೆ ಕೈ ಹಾಕಿದರೆ ಜ್ವರ ಬಂದವರ ಹಣೆ ಮುಟ್ಟಿದ ಹಾಗೆ ಬಿಸಿ. ಟಾರ್ಪಾಲಿನ ಒಳಮೈ ತುಂಬ ನೀರ ಹನಿ. ಹುಳಿ ವಾಸನೆ. ನಾಲ್ಕು ಚೀಲ ಬೂಷ್ಟು ಹಿಡಿದು ತಿಪ್ಪೆಗೆ ಹೋಯಿತು. ಬೂಷ್ಟು ಹಿಡಿದ ಕಾಳು ದನಕ್ಕೂ ಹಾಕಬಾರದು, ವಿಷ. ಉಳಿದದ್ದರಲ್ಲಿ ಬಿತ್ತನೆಗೆ ಎತ್ತಿಟ್ಟು ಮುಂದಿನ ವರ್ಷ ಮೊಳಕೆ ಪರೀಕ್ಷೆ ಮಾಡಿದರೆ ನೂರಕ್ಕೆ ಮೂವತ್ತೂ ಮೊಳೆಯಲಿಲ್ಲ.

ಮಳೆ ತಪ್ಪಿಸಿ ಮುಚ್ಚಿಟ್ಟ ರಾಗಿಗೆ ನೀರು ಎಲ್ಲಿಂದ ಬಂತು? ಬೆಂಕಿ ಇಲ್ಲದೆ ಬಿಸಿ ಹೇಗೆ ಆಯಿತು? ತಮ್ಮನ ಮಗಳು ಬಿ.ಎಸ್ಸಿ. ಓದುತ್ತಾಳೆ. ಅವಳನ್ನು ಕೂರಿಸಿಕೊಂಡು ಕೇಳಿದೆ. ಅವಳು ಲೆಕ್ಕ ಬಿಡಿಸಿದಳು. ನನಗೆ ತಿಳಿದ ಮಾತಿನಲ್ಲಿ ಅದನ್ನು ಇಲ್ಲಿ ಇಟ್ಟಿದ್ದೇನೆ.

ಕಾಳು ಯಾವುದರಿಂದ ಆಗಿದೆ?

ರಾಗಿ ಕಾಳಿರಲಿ, ಹೊಂಗೆ ಸೊಪ್ಪಿರಲಿ, ಎತ್ತಿನ ಮೈ ಇರಲಿ, ನಮ್ಮ ಮೈ ಇರಲಿ, ಬಹುಪಾಲು ನಾಲ್ಕೇ ಮೂಲವಸ್ತು: ಇಂಗಾಲ, ಜಲಜನಕ, ಆಮ್ಲಜನಕ, ಸಾರಜನಕ. ರಂಜಕ, ಪೊಟ್ಯಾಷ್, ಸುಣ್ಣ, ಕಬ್ಬಿಣ ಇವೆಲ್ಲ ಅಡಿಗೆಗೆ ಉಪ್ಪು ಖಾರ ಇದ್ದ ಹಾಗೆ, ಕಡಿಮೆ, ಆದರೆ ಬಿಟ್ಟರೆ ನಡೆಯದು. ಒಣಗಿದ ಗಿಡದ ತೂಕದಲ್ಲಿ ನೂರಕ್ಕೆ ಸುಮಾರು 45 ಪಾಲು ಬರೀ ಇಂಗಾಲ. ಸೌದೆ ಸುಟ್ಟರೆ ಉಳಿಯುವ ಇದ್ದಿಲು ಅದೇ.

ಈ ಇಂಗಾಲ ಮಣ್ಣಿನಿಂದ ಬಂತು ಅಂತ ನಾವು ತಿಳಿದಿರುತ್ತೇವೆ. ಅಲ್ಲ. ಹೆಲ್ಮಾಂಟ್ ಎಂಬ ಯುರೋಪಿನ ವೈದ್ಯನೊಬ್ಬ ಸುಮಾರು 90 ಕಿಲೋ ಒಣ ಮಣ್ಣು ತೊಟ್ಟಿಗೆ ತುಂಬಿ ಎರಡೂ ಚಿಲ್ಲರೆ ಕಿಲೋ ತೂಕದ ಗಿಡ ನೆಟ್ಟ. ಐದು ವರ್ಷ ಬರೀ ನೀರು ಕೊಟ್ಟ. ಗಿಡ ಸುಮಾರು 77 ಕಿಲೋ ಆಯಿತು. ಮಣ್ಣು ಒಣಗಿಸಿ ತೂಗಿದರೆ ಕಡಿಮೆ ಆದದ್ದು 60 ಗ್ರಾಂನಷ್ಟು. 1648ರಲ್ಲಿ ಇದು ಅಚ್ಚಾಯಿತು. ಗಿಡ ಪೂರ್ತಿ ನೀರಿನಿಂದಲೇ ಆಯಿತು ಅಂತ ಆತ ಅಂದುಕೊಂಡ. ಅದು ಅರ್ಧ ಸತ್ಯ. ಉಳಿದರ್ಧ ಗಾಳಿ. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕ, 21 ಪಾಲು ಆಮ್ಲಜನಕ. ಇಂಗಾಲದ ಡೈಆಕ್ಸೈಡ್ ಇರುವುದು ಹತ್ತು ಸಾವಿರಕ್ಕೆ ನಾಲ್ಕು ಪಾಲು ಮಾತ್ರ. ಆ ಚೂರನ್ನೇ ಎಲೆ ಹಿಡಿದು, ಬೇರಿನಿಂದ ಬಂದ ನೀರಿನ ಜೊತೆ, ಬಿಸಿಲಿನ ಬಲದಿಂದ ಸಕ್ಕರೆ ಕಟ್ಟುತ್ತದೆ. ಇದೇ ಗ್ಲೂಕೋಸ್. ಒಂದು ಗ್ಲೂಕೋಸಿನಲ್ಲಿ ಇಂಗಾಲ 6, ಜಲಜನಕ 12, ಆಮ್ಲಜನಕ 6. ಸಾವಿರಾರು ಗ್ಲೂಕೋಸನ್ನು ಹೂಮಾಲೆ ಹಾಗೆ ಪೋಣಿಸಿದರೆ ಪಿಷ್ಟ. ರಾಗಿ ಹಿಟ್ಟಿನಲ್ಲಿ ಹೆಚ್ಚು ಪಾಲು ಇರುವುದು ಇದೇ.

ಕೆಳಗಿನ ನೀರನ್ನು ಮೇಲಿನ ಟ್ಯಾಂಕಿಗೆ ಏರಿಸಿದ ಹಾಗೆ ಬಿಸಿಲು ಈ ಕೆಲಸ ಮಾಡಿದೆ. ಏರಿಸಲು ಪಟ್ಟ ಕಷ್ಟ ಇಳಿಯುವಾಗ ವಾಪಸು ಸಿಗಬೇಕಲ್ಲ, ಸಿಗುತ್ತದೆ.

ಬೆಂಕಿ ಇಲ್ಲದ ಉರಿ

ರಾಗಿ ಹುಲ್ಲಿಗೆ ಕಡ್ಡಿ ಗೀರಿದರೆ ಏನಾಗುತ್ತದೆ? ಹುಲ್ಲಿನ ಇಂಗಾಲ ಗಾಳಿಯ ಆಮ್ಲಜನಕದ ಜೊತೆ ಸೇರಿ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಜಲಜನಕವೂ ಆಮ್ಲಜನಕ ಸೇರಿ ನೀರಾವಿ ಆಗುತ್ತದೆ. ಬಿಸಿ ಬರುತ್ತದೆ. ಕಾಳಿನೊಳಗೆ, ನಮ್ಮ ಮೈಯೊಳಗೆ ನಡೆಯುವುದೂ ಇದೇ ಲೆಕ್ಕ. ಆದರೆ ಒಂದೇ ಸಲ ಭಗ್ಗೆಂದಲ್ಲ, ಹತ್ತಾರು ಮೆಟ್ಟಿಲು ಇಳಿದ ಹಾಗೆ ನಿಧಾನಕ್ಕೆ. ಉಸಿರಾಟವೂ ಒಂದು ನಿಧಾನದ ಉರಿ ಅಂತ 1780ರ ದಶಕದಲ್ಲೇ ಫ್ರಾನ್ಸಿನ ಲಾವೋಸಿಯೆ ತೋರಿಸಿಕೊಟ್ಟ. ಗಿನಿಯಿಲಿಯನ್ನು ಮಂಜುಗಡ್ಡೆಯ ನಡುವೆ ಇಟ್ಟು, ಅದರ ಮೈ ಬಿಸಿಗೆ ಎಷ್ಟು ಮಂಜು ಕರಗಿತು ಅಂತ ಅಳೆದ.

ತೂಕದ ಲೆಕ್ಕ ಹೀಗೆ. 1 ಕಿಲೋ ಗ್ಲೂಕೋಸ್ ಪೂರ್ತಿ ಉರಿಯಲು ಸುಮಾರು 1 ಕಿಲೋ 70 ಗ್ರಾಂ ಆಮ್ಲಜನಕ ಬೇಕು. ಹುಟ್ಟುವುದು ಸುಮಾರು 1 ಕಿಲೋ 470 ಗ್ರಾಂ ಇಂಗಾಲದ ಡೈಆಕ್ಸೈಡ್, ಮತ್ತೆ 600 ಗ್ರಾಂ ನೀರು. ಒಣ ಸಕ್ಕರೆಯಿಂದ ಅರ್ಧ ಕಿಲೋಗೂ ಮೇಲೆ ನೀರು! ನನ್ನ ಟಾರ್ಪಾಲಿನ ಒಳಗೆ ಹನಿ ಕಟ್ಟಿದ್ದು ಬರೀ ಮಳೆ ನೀರಲ್ಲ. ರಾಗಿ ತನ್ನನ್ನು ತಾನೇ ಉರಿದುಕೊಂಡು ಬಿಟ್ಟ ನೀರೂ ಅದರಲ್ಲಿ ಸೇರಿತ್ತು.

ನೋಟು ಮತ್ತು ಚಿಲ್ಲರೆ

ಜೀವ ಇರುವ ಎಲ್ಲವೂ ಜೀವಕೋಶಗಳ ಕಟ್ಟಡ. ಕಣ್ಣಿಗೆ ಕಾಣದಷ್ಟು ಸಣ್ಣ ಕೋಣೆಗಳು. ಕೋಶಕ್ಕೆ ದಿನವಿಡೀ ಸಣ್ಣ ಸಣ್ಣ ಖರ್ಚು: ಉಪ್ಪು ಎಳೆದುಕೊಳ್ಳಬೇಕು, ಸಾರಜನಕ ಸೇರಿಸಿ ಮೈ ಕಟ್ಟಬೇಕು, ಬೇರು ತಳ್ಳಬೇಕು. ಗ್ಲೂಕೋಸ್ ಅಂದರೆ ಐನೂರರ ನೋಟು. ಬಸ್ಸಿನಲ್ಲಿ ಕಂಡಕ್ಟರ್ ತಗೊಳ್ಳೋಲ್ಲ. ಚಿಲ್ಲರೆ ಬೇಕು.

ಆ ಚಿಲ್ಲರೆಯ ಹೆಸರು ಎ.ಟಿ.ಪಿ. ಇದನ್ನು 1929ರಲ್ಲಿ ಜರ್ಮನಿಯಲ್ಲಿ ಲೋಮನ್, ಅಮೆರಿಕದಲ್ಲಿ ಫಿಸ್ಕೆ ಮತ್ತು ನಮ್ಮ ಆಂಧ್ರದ ಯೆಲ್ಲಾಪ್ರಗಡ ಸುಬ್ಬರಾವ್ ಕಂಡುಹಿಡಿದರು. ಅದರ ಬಾಲಕ್ಕೆ ರಂಜಕದ ಮೂರು ಕೊಂಡಿ. ಕೊನೆಯ ಕೊಂಡಿ ಕಳಚುವಾಗ ಕೋಶಕ್ಕೆ ಕೆಲಸ ಮಾಡುವ ಶಕ್ತಿ ಸಿಗುತ್ತದೆ. ಕಳಚಿದ್ದನ್ನು ಮತ್ತೆ ಜೋಡಿಸಲು ಗ್ಲೂಕೋಸ್ ಉರಿಯಬೇಕು. ಬಿತ್ತುವಾಗಲೇ ರಂಜಕ ಯಾಕೆ ಕೊಡಬೇಕು ಅಂತ ಕೇಳುವವರಿಗೆ ಇಲ್ಲೇ ಉತ್ತರ ಇದೆ. ಎಳೆ ಪೈರಿಗೆ ಚಿಲ್ಲರೆ ಅಚ್ಚು ಹಾಕಲು ರಂಜಕವೇ ಬೇಕು. ನಮ್ಮ ಕೆಂಪು ಮಣ್ಣು ಬೇರೆ ರಂಜಕವನ್ನು ಹಿಡಿದಿಟ್ಟುಕೊಂಡು ಬಿಟ್ಟುಕೊಡದ ಜಿಪುಣ.

ಈ ಚಿಲ್ಲರೆಯ ಹೆಚ್ಚು ಪಾಲು ತಯಾರಾಗುವುದು ಕೋಶದೊಳಗಿನ ಮೈಟೋಕಾಂಡ್ರಿಯ ಎಂಬ ಒಲೆಯಲ್ಲಿ. ಆಮ್ಲಜನಕ ಇದ್ದರೆ ಒಂದು ಗ್ಲೂಕೋಸಿಗೆ ಸುಮಾರು 30 ಎ.ಟಿ.ಪಿ. ಗ್ಲೂಕೋಸಿನ ಶಕ್ತಿಯಲ್ಲಿ ಮೂರರಲ್ಲಿ ಒಂದು ಪಾಲು ಹೀಗೆ ಚಿಲ್ಲರೆ ಆದರೆ ಮಿಕ್ಕದ್ದು ಅಲ್ಲೇ ಬಿಸಿಯಾಗಿ ಹೋಗುತ್ತದೆ. ಚೀಲದ ಜ್ವರ ಅದೇ. ನಮ್ಮ ಮೈ ಬೆಚ್ಚಗಿರುವುದೂ ಅದರಿಂದಲೇ.

ಆಮ್ಲಜನಕ ಮುಗಿದರೆ? ಕೋಶ ಗ್ಲೂಕೋಸನ್ನು ಅರ್ಧಂಬರ್ಧ ಒಡೆದು 2 ಎ.ಟಿ.ಪಿ. ಮಾತ್ರ ಪಡೆಯುತ್ತದೆ. ಮಿಕ್ಕದ್ದು ಸಾರಾಯಿ ಅಥವಾ ಹುಳಿಯಾಗಿ ಹೊರಗೆ ಹೋಗುತ್ತದೆ. ಇಡ್ಲಿ ಹಿಟ್ಟು ಹುದುಗುವುದರಲ್ಲಿ ಇದೇ ಕೆಲಸ. ನನ್ನ ಚೀಲದ ಹುಳಿ ವಾಸನೆಯೂ ಇದೇ ಜಾತಿಯದು. ಹೊಲದಲ್ಲಿ ನೀರು ನಿಂತರೆ ಪೈರು ಹಳದಿ ಆಗುವುದಕ್ಕೂ ಇದೊಂದು ಕಾರಣ. ಬೇರಿಗೆ ಗಾಳಿ ಸಿಗದೆ ಚಿಲ್ಲರೆ ಮುಗಿದುಹೋಗುತ್ತದೆ, ಪಕ್ಕದಲ್ಲೇ ಗೊಬ್ಬರ ಇದ್ದರೂ ಎಳೆದುಕೊಳ್ಳಲಾರದು.

ತಾತನ ಹಗೇವು ಗೆದ್ದಿತು, ನನ್ನ ಟಾರ್ಪಾಲು ಸೋತಿತು

ಎರಡರಲ್ಲೂ ರಾಗಿಯೇ, ಎರಡನ್ನೂ ಮುಚ್ಚಿದ್ದೇ. ವ್ಯತ್ಯಾಸ ಎಲ್ಲಿ?

ಮೊದಲನೆಯದು ತೇವ. ಕಾಳು ಒಣಗಿದ್ದರೆ ಕೋಶ ನಿದ್ದೆಯಲ್ಲಿ ಇರುತ್ತದೆ, ಉಸಿರು ಅತಿ ನಿಧಾನ. ತೇವ ನೂರಕ್ಕೆ 12ರ ಒಳಗಿದ್ದರೆ ಕಾಳು ಭದ್ರ. ಅದಕ್ಕಿಂತ ಏರಿದಷ್ಟೂ ಕೋಶ ಎದ್ದು ಕೂರುತ್ತದೆ, ಜೊತೆಗೆ ಬೂಷ್ಟೂ ಏಳುತ್ತದೆ. ಉಸಿರು ಹೆಚ್ಚಿದರೆ ಬಿಸಿ, ನೀರು ಹೆಚ್ಚುತ್ತವೆ. ಅವು ಹೆಚ್ಚಿದರೆ ಉಸಿರು ಇನ್ನೂ ಹೆಚ್ಚುತ್ತದೆ. ಬಡ್ಡಿಗೆ ಬಡ್ಡಿ ಸೇರಿದ ಹಾಗೆ. ಐದು ದಿನದಲ್ಲಿ ನನ್ನ ಗಂಟು ಮುಳುಗಿದ್ದು ಹೀಗೆ.

ಎರಡನೆಯದು ಗಾಳಿ. ಟಾರ್ಪಾಲಿನ ಸಂದಿಯಲ್ಲಿ ಗಾಳಿ ಆಡುತ್ತಲೇ ಇತ್ತು, ಉರಿ ನಿಲ್ಲಲಿಲ್ಲ. ಹಗೇವಿನಲ್ಲಿ ಹಾಗಲ್ಲ. 20 ಕ್ವಿಂಟಾಲ್ ರಾಗಿ ಹಾಕಿದರೆ ಕಾಳುಗಳ ಸಂದಿಯಲ್ಲಿ ಸುಮಾರು 1000 ಲೀಟರ್ ಗಾಳಿ ಇರುತ್ತದೆ. ಅದರಲ್ಲಿ ಆಮ್ಲಜನಕ 210 ಲೀಟರ್, ತೂಗಿದರೆ 275 ಗ್ರಾಂನಷ್ಟು. ಅಷ್ಟನ್ನು ಮುಗಿಸಲು ಎಷ್ಟು ರಾಗಿ ಉರಿಯಬೇಕು? ಕಾಲು ಕಿಲೋ! 20 ಕ್ವಿಂಟಾಲಿಗೆ ಕಾಲು ಕಿಲೋ ಬಾಡಿಗೆ ಕೊಟ್ಟರೆ ಆಮ್ಲಜನಕ ಖಾಲಿ. ಹುಳ ಸಾಯುತ್ತದೆ, ಉರಿ ತಗ್ಗುತ್ತದೆ, ರಾಗಿ ಉಳಿಯುತ್ತದೆ.

ರಾಗಿ ಕಾಳು ಸಣ್ಣದು, ಸಿಪ್ಪೆ ಗಟ್ಟಿ, ಹುಳ ಸುಲಭಕ್ಕೆ ಕೊರೆಯಲಾರದು. ಕನಕದಾಸರ ರಾಮಧಾನ್ಯ ಚರಿತೆಯಲ್ಲಿ ಭತ್ತ ಮತ್ತು ರಾಗಿಯನ್ನು ಆರು ತಿಂಗಳು ಸೆರೆಯಲ್ಲಿ ಇಟ್ಟಾಗ ಗೆದ್ದದ್ದು ರಾಗಿಯೇ ತಾನೇ? ಆದರೆ ಒಂದು ಮಾತು. ಬಿತ್ತನೆ ರಾಗಿಯನ್ನು ತಾತ ಹಗೇವಿಗೆ ಹಾಕುತ್ತಿರಲಿಲ್ಲ. ಒಳ್ಳೆ ತೆನೆ ಆರಿಸಿ ಬೇರೆಯೇ ಒಣಗಿಸಿ ಮಡಕೆಯಲ್ಲಿ ಇಡುತ್ತಿದ್ದರು.

ಮನೆಯಲ್ಲೇ ಮಾಡಿ ನೋಡಿ

ಮಕ್ಕಳನ್ನು ಕೂರಿಸಿಕೊಂಡು ಮಾಡಿ. ಅಗಲ ಬಾಯಿಯ ಎರಡು ಗಾಜಿನ ಸೀಸೆ ತಗೊಳ್ಳಿ. ಒಂದಕ್ಕೆ ಅರ್ಧ ಒಣ ರಾಗಿ. ಇನ್ನೊಂದಕ್ಕೆ ಅಷ್ಟೇ ಮೊಳಕೆ ಕಟ್ಟಿದ ರಾಗಿ. ಎರಡಕ್ಕೂ ಬಿಗಿಯಾಗಿ ಮುಚ್ಚಳ ಹಾಕಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಮುಚ್ಚಳ ಮೆಲ್ಲಗೆ ತೆಗೆದು ಉರಿಯುವ ಕಡ್ಡಿ ಒಳಗೆ ಇಳಿಸಿ. ಒಣ ರಾಗಿಯಲ್ಲಿ ಉರಿಯುತ್ತದೆ. ಮೊಳಕೆ ರಾಗಿಯಲ್ಲಿ ಆರುತ್ತದೆ. ಇನ್ನೊಮ್ಮೆ ಮಾಡುವಾಗ, ಎಲೆಯಡಿಕೆ ಸುಣ್ಣ ಕದಡಿ ನಿಲ್ಲಿಸಿ ಬಸಿದ ತಿಳಿನೀರನ್ನು ಸಣ್ಣ ಬಟ್ಟಲಲ್ಲಿ ಮೊಳಕೆ ಮೇಲೆ ಇಟ್ಟು ಮುಚ್ಚಿ. ಬೆಳಿಗ್ಗೆ ಅದರ ಮೇಲೆ ಬಿಳಿ ಕೆನೆ ಕಟ್ಟಿರುತ್ತದೆ. ಇಂಗಾಲದ ಡೈಆಕ್ಸೈಡ್ ಸುಣ್ಣ ಸೇರಿ ಆದ ಕೆನೆ ಅದು. ತಾತನ ಹಗೇವು ನಿಮ್ಮ ಸೀಸೆಯಲ್ಲೇ ಕಾಣುತ್ತದೆ.

ಗುಂಡಿಗೆ ಇಳಿಯುವ ಮುನ್ನ

ಹಗೇವು ಹೋಯಿತು, ಆದರೆ ಗುಂಡಿಗಳು ಹೋಗಿಲ್ಲ. ಹಾಳು ಬಾವಿ, ಸೈಲೇಜ್ ಗುಂಡಿ, ಗೋಬರ್ ಗ್ಯಾಸ್ ತೊಟ್ಟಿ, ಮುಚ್ಚಿಟ್ಟ ಸಂಪು. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಒಂದೂವರೆ ಪಾಲು ಭಾರ. ನೀರಿನ ಹಾಗೆ ತಳದಲ್ಲಿ ನಿಲ್ಲುತ್ತದೆ. ಬಣ್ಣ ಇಲ್ಲ, ಕಾಣಿಸುವುದಿಲ್ಲ. ಆದ್ದರಿಂದ:

1. ದೀಪ ಆರಿದರೆ ಇಳಿಯಲೇಬಾರದು. ಆರದಿದ್ದರೆ ಭದ್ರ ಅಂತಲೂ ಪೂರ್ತಿ ನಂಬಬೇಡಿ, ಬೇರೆ ವಿಷಗಾಳಿ ಇರಬಹುದು.

2. ಗೋಬರ್ ಗ್ಯಾಸ್, ಕಕ್ಕಸು ಗುಂಡಿ, ಚರಂಡಿ ಗುಂಡಿಗೆ ದೀಪ ಇಳಿಸಲೇಬೇಡಿ. ಅಲ್ಲಿನ ಗಾಳಿ ಹತ್ತಿ ಸಿಡಿಯುತ್ತದೆ. ಆ ಗುಂಡಿಗಳಿಗೆ ಆಳು ಇಳಿಸುವುದೂ ಬೇಡ.

3. ಒಳಗೆ ಬಿದ್ದವನನ್ನು ಎತ್ತಲು ಇನ್ನೊಬ್ಬ ಹಾರಬೇಡಿ. ಒಬ್ಬನ ಹಿಂದೆ ಒಬ್ಬರು ಹೋಗಿ ಮನೆ ಮಂದಿಯೆಲ್ಲ ಸಾಯುವುದು ಹೀಗೇ. 101 ಅಥವಾ 112ಕ್ಕೆ ಫೋನ್ ಮಾಡಿ, ಮೇಲಿನಿಂದಲೇ ಗಾಳಿ ಊದಿ.

4. ರಾಗಿ ಹಲ್ಲಿಗೆ ಇಟ್ಟರೆ ಕಟ್ ಎನ್ನುವವರೆಗೆ ಒಣಗಿಸಿ. ಹಸಿ ರಾಗಿಯನ್ನು ರಾಶಿ ಹಾಕಿ ಪ್ಲಾಸ್ಟಿಕ್ ಹೊದಿಸಬೇಡಿ. ಮಳೆ ಇದ್ದರೆ ಮನೆಯೊಳಗಾದರೂ ತೆಳ್ಳಗೆ ಹರಡಿ ಕೈಯಾಡಿಸಿ. ಚೀಲವನ್ನು ನೆಲಕ್ಕೆ ತಾಗಿಸದೆ ಹಲಗೆ ಮೇಲೆ ಇಡಿ. ಮೊದಲ ಹದಿನೈದು ದಿನ ಆಗಾಗ ನಡುವಿನ ಚೀಲಕ್ಕೆ ಕೈ ಹಾಕಿ ನೋಡಿ.

ನಾನು ಕಲಿತದ್ದು ಇಷ್ಟೇ. ಚೀಲದಲ್ಲಿ ಇರುವುದು ಸರಕಲ್ಲ, ಜೀವ. ಮಲಗಿದ್ದರೆ ಮಲಗಲು ಬಿಡಬೇಕು, ಎಬ್ಬಿಸಿದರೆ ತನ್ನನ್ನೇ ತಿನ್ನುತ್ತದೆ. ಇದನ್ನು ಒಂದೇ ಮಾತಲ್ಲಿ ಹೇಳಿದ ತಾತನ ಪಾಠ ನನಗೆ ಅರ್ಥ ಆಗಲು ನಾಲ್ಕು ಚೀಲ ರಾಗಿ ಫೀಸು ಕಟ್ಟಬೇಕಾಯಿತು. ನೀವು ಕಟ್ಟಬೇಡಿ. ನಿಮ್ಮೂರಲ್ಲಿ ಹಗೇವು ಇನ್ನೂ ಉಳಿದಿದ್ದರೆ, ಅದನ್ನು ತುಂಬಿ ತೆಗೆದ ಹಿರಿಯರು ಇದ್ದರೆ, ಅವರನ್ನು ಕೇಳಿ ಪತ್ರಿಕೆಗೆ ಬರೆಯಿರಿ.