ಕ್ಯಾಮರಾದ ಫ್ಯಾನು ಮತ್ತು ನಡುಗುವ ನಕ್ಷತ್ರ

ಹಿಟ್ಟಿನ ಗಿರಣಿಯ ಮಗ್ಗುಲಲ್ಲಿ ವಾಸವಾಗಿರುವವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತಿರುತ್ತದೆ. ಗಿರಣಿಯನ್ನು ನಿಲ್ಲಿಸಿದಾಗ ಅದರ ಚಕ್ರ ಒಮ್ಮೆಗೇ ನಿಲ್ಲುವುದಿಲ್ಲ. ವೇಗ ಮೆಲ್ಲಮೆಲ್ಲನೆ ಇಳಿಯುತ್ತದೆ. ಹಾಗೆ ಇಳಿಯುತ್ತಿರುವಾಗ, ಅದುವರೆಗೆ ಸುಮ್ಮನಿದ್ದ ಕಪಾಟಿನ ಲೋಟವೊಂದು ಇದ್ದಕ್ಕಿದ್ದಂತೆ ಗಣಗಣನೆ ಅದುರತೊಡಗುತ್ತದೆ. ಮರುಗಳಿಗೆಯಲ್ಲಿ ಅದು ಸುಮ್ಮನಾಗಿ ಕಿಟಕಿಯ ಗಾಜು ನಡುಗುತ್ತದೆ. ಗಿರಣಿಯ ಬಲ ಹೆಚ್ಚಿದ್ದರಿಂದ ಲೋಟ ಅದುರಿತೆನ್ನಲಾಗದು. ಬಲ ಆಗ ಕುಗ್ಗುತ್ತಿತ್ತು. ಚಕ್ರ ಸೆಕೆಂಡಿಗೆ ಎಷ್ಟು ಸುತ್ತು ಸುತ್ತುತ್ತಿತ್ತೋ ಲೋಟವು ತಾನಾಗಿ ಸೆಕೆಂಡಿಗೆ ಅಷ್ಟೇ ಸಲ ಕಂಪಿಸಬಲ್ಲುದಾಗಿತ್ತು, ಕಾರಣ ಇಷ್ಟೇ. ಸೊನಾಮೀಟರಿನ ತಂತಿಯ ಮೇಲೆ ಕಾಗದದ ತುಣುಕನ್ನು ಕೂರಿಸಿ, ಶ್ರುತಿಕವೆಯನ್ನು ಮಿಡಿದು, ತುಣುಕು ಹಾರಿಬೀಳುವವರೆಗೆ ತಂತಿಯ ಉದ್ದವನ್ನು ಹೊಂದಿಸಿದ ವಿದ್ಯಾರ್ಥಿಗಳಿಗೆ ಇದು ಅನುರಣನೆಯೆಂದು ಹೇಳಬೇಕಾಗಿಲ್ಲ.

ಇದೇ ಅನುರಣನೆ ಆಕಾಶದ ಛಾಯಾಚಿತ್ರಗಳನ್ನು ಕೆಡಿಸುವ ಬಗೆಯನ್ನೂ, ಅದನ್ನು ತಡೆಯುವ ಉಪಾಯಗಳನ್ನೂ ಇಲ್ಲಿ ವಿಚಾರ ಮಾಡೋಣ.

ನಕ್ಷತ್ರ, ಗ್ರಹ, ನೀಹಾರಿಕೆಗಳ ಚಿತ್ರ ತೆಗೆಯಲು ಇಂದು ಹವ್ಯಾಸಿಗಳು ಬಳಸುವ ಕ್ಯಾಮರಾದ ಬೆನ್ನಿನಲ್ಲಿ ಅಂಗೈಯೊಳಗೆ ಅಡಗುವಷ್ಟು ಚಿಕ್ಕ ಫ್ಯಾನೊಂದಿರುತ್ತದೆ. ಅದು ಅಲ್ಲಿರುವುದೇಕೆ? ಕ್ಯಾಮರಾದ ಸಂವೇದಕವು ಸಿಲಿಕಾನಿನ ಫಲಕ. ಬೆಳಕು ಬಿದ್ದಾಗ ಅದರಲ್ಲಿ ಎಲೆಕ್ಟ್ರಾನುಗಳು ಬಿಡುಗಡೆ ಹೊಂದುತ್ತವೆ. ಅವುಗಳನ್ನು ಎಣಿಸಿಯೇ ಚಿತ್ರವನ್ನು ರಚಿಸುವುದು. ಆದರೆ ಬೆಳಕಿಲ್ಲದಿದ್ದರೂ ಕೇವಲ ಉಷ್ಣದಿಂದಲೇ ಕೆಲವು ಎಲೆಕ್ಟ್ರಾನುಗಳು ಬಿಡುಗಡೆಯಾಗುತ್ತವೆ. ಇದಕ್ಕೆ ಕತ್ತಲ ಪ್ರವಾಹವೆಂದು ಹೆಸರು. ಉಷ್ಣತೆ ಸುಮಾರು 6 ಡಿಗ್ರಿ ಸೆಲ್ಸಿಯಸ್ ಏರಿದಂತೆಲ್ಲ ಇದು ಇಮ್ಮಡಿಯಾಗುತ್ತದೆ. 25 ಡಿಗ್ರಿಯಲ್ಲಿರುವ ಸಂವೇದಕವನ್ನು ಸೊನ್ನೆಗಿಂತ 5 ಡಿಗ್ರಿ ಕೆಳಕ್ಕಿಳಿಸಿದರೆ ಐದು ಸಲ ಅರ್ಧವಾಗಿ, 32ರಲ್ಲಿ ಒಂದು ಪಾಲು ಮಾತ್ರ ಉಳಿಯುತ್ತದೆ. ಮಸುಕಾದ ನೀಹಾರಿಕೆಗೆ ನಿಮಿಷಗಟ್ಟಲೆ ಕ್ಯಾಮರಾ ತೆರೆದಿಡುವವನಿಗೆ ಇದು ಸಣ್ಣ ಲಾಭವಲ್ಲ.

ತಂಪುಮಾಡುವ ಕೆಲಸವನ್ನು ಮಾಡುವುದು ಫ್ರಾನ್ಸಿನ ಪೆಲ್ಟಿಯೆ 1834ರಲ್ಲಿ ಕಂಡುಹಿಡಿದ ಪರಿಣಾಮ. ಎರಡು ಬೇರೆ ಬೇರೆ ವಾಹಕಗಳ ಸಂಧಿಗಳಲ್ಲಿ ವಿದ್ಯುತ್ತನ್ನು ಹರಿಸಿದರೆ ಒಂದು ಸಂಧಿ ತಣ್ಣಗಾಗುತ್ತದೆ, ಇನ್ನೊಂದು ಬಿಸಿಯಾಗುತ್ತದೆ. ಉಷ್ಣವು ಇಲ್ಲಿ ನಾಶವಾಗುವುದಿಲ್ಲ, ಸ್ಥಳ ಬದಲಾಯಿಸುತ್ತದೆ ಅಷ್ಟೆ. ಅದರ ಜೊತೆಗೆ ನಾವು ಕೊಟ್ಟ 20–30 ವಾಟು ವಿದ್ಯುತ್ತೂ ಉಷ್ಣವಾಗಿ ಬಿಸಿಯ ಮಗ್ಗುಲಿಗೆ ಬಂದು ಸೇರುತ್ತದೆ. ಇಷ್ಟನ್ನು ಹೊರಹಾಕಲು ಅಲ್ಯೂಮಿನಿಯಮಿನ ಪಟ್ಟಿಗಳ ಸಾಲೂ ಅದರ ಮೇಲೆ ಗಾಳಿ ಬೀಸುವ ಫ್ಯಾನೂ ಬೇಕಾಗುತ್ತವೆ.

ಯಾವ ಫ್ಯಾನಿನ ರೆಕ್ಕೆಗಳೂ ಪೂರ್ಣ ಸಮತೂಕದಲ್ಲಿರುವುದಿಲ್ಲ. ಅಕ್ಷದಿಂದ 2 ಸೆಂಟಿಮೀಟರು ದೂರದಲ್ಲಿ, ಒಂದು ಗ್ರಾಮಿನ ನೂರರಲ್ಲೊಂದು ಪಾಲು ಮಾತ್ರ ಒಂದು ಕಡೆಗೆ ಹೆಚ್ಚಾಗಿದೆಯೆನ್ನೋಣ. ರೆಕ್ಕೆಗೆ ಅಂಟಿದ ಧೂಳೇ ಸಾಕು. ಫ್ಯಾನು ನಿಮಿಷಕ್ಕೆ 3600, ಎಂದರೆ ಸೆಕೆಂಡಿಗೆ 60 ಸುತ್ತು ತಿರುಗುವಾಗ ಆ ಜಾಗದ ವೇಗೋತ್ಕರ್ಷ ಗುರುತ್ವದ ಸುಮಾರು 290 ಮಡಿ. ಆ ಚೂರು ಆಗ ಸುಮಾರು 3 ಗ್ರಾಮು ತೂಕದಷ್ಟು ಬಲದಿಂದ, ಸೆಕೆಂಡಿಗೆ 60 ಸಲ, ಕ್ಯಾಮರಾವನ್ನು ಸುತ್ತಲೂ ಎಳೆಯುತ್ತದೆ.

ಹಾಗಾದರೆ ಕ್ಯಾಮರಾ ಎಷ್ಟು ಅಲುಗೀತು? ಅದರ ತೂಕ 500 ಗ್ರಾಮೆಂದೂ, ಯಾವುದಕ್ಕೂ ಬಿಗಿಯದೆ ಸ್ವತಂತ್ರವಾಗಿ ತೂಗುತ್ತಿದೆಯೆಂದೂ ಇಟ್ಟುಕೊಂಡರೆ ಉತ್ತರ ಸುಲಭ: 2 ಸೆಂಟಿಮೀಟರನ್ನು ಎರಡು ತೂಕಗಳ ಪ್ರಮಾಣವಾದ 50,000ದಿಂದ ಭಾಗಿಸಬೇಕು. ಬರುವುದು 0.4 ಮೈಕ್ರಾನು. ಇಂದಿನ ಸಂವೇದಕಗಳಲ್ಲಿ ಪಿಕ್ಸೆಲಿನ ಅಗಲ ಸಾಮಾನ್ಯವಾಗಿ 3–4 ಮೈಕ್ರಾನು. ಪಿಕ್ಸೆಲಿನ ಹತ್ತರಲ್ಲೊಂದು ಪಾಲು ಅಲುಗಿದರೆ ಚಿತ್ರಕ್ಕೆ ಯಾವ ಕೇಡೂ ಇಲ್ಲ. ಫ್ಯಾನು ನಿರಪರಾಧಿಯೆಂದು ತೀರ್ಪು ಕೊಟ್ಟುಬಿಡಬಹುದು.

ಆದರೆ ಕ್ಯಾಮರಾ ಸ್ವತಂತ್ರವಾಗಿ ತೂಗುವುದಿಲ್ಲ. ದೂರದರ್ಶಕದ ಕೊನೆಯಲ್ಲಿ, ನಾಭಿಯನ್ನು ಹೊಂದಿಸುವ ಕೊಳವೆಯ ತುದಿಗೆ, ಚಾಚಿದ ಕೋಲಿಗೆ ಕಟ್ಟಿದ ಭಾರದಂತೆ ಅದು ನೇತಾಡುತ್ತಿರುತ್ತದೆ. ಈ ಏರ್ಪಾಡಿಗೆ ತನ್ನದೇ ಆದ ಸ್ವಾಭಾವಿಕ ಆವೃತ್ತಿಯೊಂದಿದೆ. ಅದು ಫ್ಯಾನಿನ ಸುತ್ತಿಗೆ ಸರಿಹೊಂದಿತೋ, ನಮ್ಮ 0.4 ಮೈಕ್ರಾನು ಹತ್ತಾರು ಮಡಿ ಹಿಗ್ಗುತ್ತದೆ. 30 ಮಡಿಯಾದರೆ 12 ಮೈಕ್ರಾನು. ಮೂರು ಪಿಕ್ಸೆಲುಗಳ ಅಗಲ. ಒಂದೇ ಜಾತಿಯ ಕ್ಯಾಮರಾ ಒಬ್ಬನ ದೂರದರ್ಶಕದ ಮೇಲೆ ಚುಕ್ಕೆಯಂಥ ನಕ್ಷತ್ರಗಳನ್ನೂ ಇನ್ನೊಬ್ಬನ ದೂರದರ್ಶಕದ ಮೇಲೆ ಕಡಲೆಯಂಥ ನಕ್ಷತ್ರಗಳನ್ನೂ ಕೊಡುವುದಕ್ಕೆ ಇದು ಕಾರಣವಾಗಬಹುದು. ತಪ್ಪು ಫ್ಯಾನಿನೊಂದರದೇ ಅಲ್ಲ, ಕೊಳವೆಯೊಂದರದೂ ಅಲ್ಲ; ಅವೆರಡರ ಜೋಡಿಯದು.

ಇದನ್ನು ಕಂಡುಹಿಡಿಯುವುದು ಹೇಗೆ? ಕಂಪನದಿಂದ ಉಬ್ಬಿದ ನಕ್ಷತ್ರವೂ ವಾಯುಮಂಡಲದ ಹೊಯ್ದಾಟದಿಂದ ಉಬ್ಬಿದ ನಕ್ಷತ್ರವೂ ಚಿತ್ರದಲ್ಲಿ ಹೆಚ್ಚುಕಡಿಮೆ ಒಂದೇ ತೆರನಾಗಿ ತೋರುತ್ತವೆ. ನಾವು ಕೂಡ ಹಲವು ಇರುಳು ಗಾಳಿಯನ್ನೇ ದೂರಿಕೊಂಡು ಮನೆಗೆ ಹೋಗಿದ್ದೇವೆ. ಕಾಲೇಜಿನ ಹಳೆಯ ಪ್ರಯೋಗವೊಂದು ಇಲ್ಲಿ ನೆರವಿಗೆ ಬರುತ್ತದೆ. ಶ್ರುತಿಕವೆಯ ಒಂದು ತೋಳಿಗೆ ಸಣ್ಣ ಕೂದಲನ್ನು ಅಂಟಿಸಿ, ಮಸಿ ಹಿಡಿಸಿದ ಗಾಜಿನ ಫಲಕವನ್ನು ಅದರ ಮುಂದೆ ಬೀಳಬಿಟ್ಟರೆ ಕೂದಲು ಅಲೆಯನ್ನು ಗೀಚುತ್ತದೆ. ಫಲಕ ಚಲಿಸದಿದ್ದರೆ ಕಾಣುವುದು ಒಂದು ಗೀರು ಮಾತ್ರ. ನಾವು ನಕ್ಷತ್ರವನ್ನೇ ಕೂದಲಾಗಿಯೂ ಸಂವೇದಕವನ್ನೇ ಫಲಕವಾಗಿಯೂ ಮಾಡಿಕೊಳ್ಳೋಣ.

ಶ್ರವಣ ಅಥವಾ ಆರ್ದ್ರೆಯಂಥ, ಖಗೋಳದ ವಿಷುವದ್ವೃತ್ತಕ್ಕೆ ಸಮೀಪದ ಉಜ್ವಲ ನಕ್ಷತ್ರವೊಂದನ್ನು ಹಿಡಿಯಿರಿ. ದೂರದರ್ಶಕವನ್ನು ನಿಲ್ಲಿಸಿದರೆ ಅದು ಸೆಕೆಂಡಿಗೆ 15 ವಿಕಲೆ ಸರಿಯುತ್ತದೆ (ಒಂದು ಡಿಗ್ರಿಗೆ 3600 ವಿಕಲೆ). 60 ಆವೃತ್ತಿಯ ಅಲೆಗೆ ಈ ವೇಗ ಸಾಲದು. ಒಂದೊಂದು ಅಲೆಗೆ ಕಾಲು ವಿಕಲೆಯಷ್ಟೇ ಜಾಗ ದೊರೆತು ಎಲ್ಲವೂ ಕಲಸಿಹೋಗುತ್ತವೆ. ಪೀಠದ ಮೋಟಾರಿನಿಂದ ದೂರದರ್ಶಕವನ್ನು ನಕ್ಷತ್ರಗತಿಯ 64 ಮಡಿ ವೇಗದಲ್ಲಿ ಸರಿಸಿ, ಅರ್ಧ ಸೆಕೆಂಡು ಚಿತ್ರ ತೆಗೆಯಬೇಕು. ಆಗ ನಕ್ಷತ್ರವು ಸೆಕೆಂಡಿಗೆ 960 ವಿಕಲೆ ಓಡುತ್ತದೆ. ಒಂದು ಅಲೆಗೆ 16 ವಿಕಲೆ. 2 ಮೀಟರು ನಾಭಿದೂರದ 8 ಅಂಗುಲದ ದೂರದರ್ಶಕದಲ್ಲಿ ಇದು ಸುಮಾರು 40 ಪಿಕ್ಸೆಲುಗಳಾಗುತ್ತದೆ. ಅಲೆ ಇದ್ದರೆ ಬರಿಗಣ್ಣಿಗೇ ಕಾಣುತ್ತದೆ. ಅದರ ಉದ್ದವನ್ನು ಅಳೆದು 960ನ್ನು ಭಾಗಿಸಿದರೆ ಆವೃತ್ತಿಯೂ ದೊರೆಯುತ್ತದೆ. ಓಟಕ್ಕೆ ಅಡ್ಡವಾದ ಕಂಪನ ಮಾತ್ರ ಅಲೆಯಾಗಿ ತೋರುವುದರಿಂದ ಉತ್ತರ–ದಕ್ಷಿಣವಾಗಿಯೂ ಒಮ್ಮೆ ಓಡಿಸಿ ನೋಡಬೇಕು.

ಬಳಿಕ ಫ್ಯಾನನ್ನು ನಿಲ್ಲಿಸಿ ಮತ್ತೆ ಚಿತ್ರ ತೆಗೆಯಿರಿ. ಫ್ಯಾನನ್ನು ನಿಲ್ಲಿಸುವ ಮೊದಲು ಪೆಲ್ಟಿಯೆ ಫಲಕದ ವಿದ್ಯುತ್ತನ್ನು ತಪ್ಪದೆ ಕಡಿಯಬೇಕು. ಇಲ್ಲವಾದರೆ ಬಿಸಿಯ ಮಗ್ಗುಲು ಕಾದು ಕ್ಯಾಮರಾಕ್ಕೆ ಅಪಾಯ. ಅಲೆ ಮಾಯವಾದರೆ ಫ್ಯಾನೇ ಮೂಲ. ಹಾಗೆಯೇ ಉಳಿದರೆ ಅದು ಪೀಠದ ಮೋಟಾರಿನದು, ಫ್ಯಾನಿಗೆ ಕೈಹಚ್ಚಬೇಕಾಗಿಲ್ಲ.

ಫ್ಯಾನೇ ಎಂದಾದರೆ ಮೊದಲು ರೆಕ್ಕೆಗಳ ಧೂಳನ್ನು ಮೆತ್ತನೆಯ ಕುಂಚದಿಂದ ತೆಗೆಯಿರಿ. ವೇಗವನ್ನು ಬದಲಾಯಿಸಲು ಅನುಕೂಲವಿದ್ದರೆ ಸ್ವಲ್ಪ ಇಳಿಸಿ ನೋಡಿ. ಎಳೆತದ ಬಲ ವೇಗದ ವರ್ಗಕ್ಕೆ ಅನುಗುಣವಾದುದರಿಂದ ವೇಗ ಅರ್ಧವಾದರೆ ಬಲ ಕಾಲುಪಾಲಾಗುತ್ತದೆ. ಆದರೆ ಗಿರಣಿಯ ಲೋಟವನ್ನು ಮರೆಯಬಾರದು: ಇಳಿಸಿದ ವೇಗವೇ ಅನುರಣನೆಯ ವೇಗವಾಗಿಬಿಟ್ಟರೆ ಮೊದಲಿಗಿಂತ ಹೆಚ್ಚು ಕೇಡು. ಅಲೆಯ ಚಿತ್ರವನ್ನು ಪ್ರತಿ ವೇಗದಲ್ಲೂ ತೆಗೆದು ನೋಡುವುದೇ ಸರಿ.

ಇನ್ನು ರಬ್ಬರಿನ ಮಾತು. ಫ್ಯಾನಿಗೂ ಕ್ಯಾಮರಾಕ್ಕೂ ನಡುವೆ ರಬ್ಬರನ್ನಿಟ್ಟರೆ ಸಾಕೆಂದು ಎಲ್ಲರೂ ಹೇಳುತ್ತಾರೆ. ಎಂಥ ರಬ್ಬರೆಂದು ಹೇಳುವವರು ಕಡಿಮೆ. ರಬ್ಬರಿನ ಮೇಲೆ ಕುಳಿತ ಫ್ಯಾನು ಸ್ಪ್ರಿಂಗಿಗೆ ತೂಗುಬಿಟ್ಟ ಭಾರಕ್ಕೆ ಸಮಾನ; ಅದಕ್ಕೂ ಒಂದು ಸ್ವಾಭಾವಿಕ ಆವೃತ್ತಿಯುಂಟು. ಅದನ್ನು ತಿಳಿಯಲು ಫ್ಯಾನಿನ ತೂಕಕ್ಕೆ ರಬ್ಬರು ಎಷ್ಟು ಮಿಲಿಮೀಟರು ತಗ್ಗುವುದೆಂದು ಅಳೆದು, ಅದರ ವರ್ಗಮೂಲದಿಂದ 15.8ನ್ನು ಭಾಗಿಸಿದರೆ ಆಯಿತು. ಲೋಲಕದ ಸೂತ್ರವನ್ನು ಬಲ್ಲವರು ಈ ಸಂಖ್ಯೆ ಎಲ್ಲಿಂದ ಬಂದಿತೆಂಬುದನ್ನು ತಾವೇ ಸಾಧಿಸಬಹುದು. ರಬ್ಬರು ಗಡುಸಾಗಿದ್ದು 0.01 ಮಿಲಿಮೀಟರು ಮಾತ್ರ ತಗ್ಗಿದರೆ ಆವೃತ್ತಿ 158. ಫ್ಯಾನಿನ 60ಕ್ಕೆ ಇದು ರಬ್ಬರೇ ಇಲ್ಲದಂತೆ, ಕಂಪನವೆಲ್ಲ ದಾಟಿಹೋಗುತ್ತದೆ. 0.07 ಮಿಲಿಮೀಟರು ತಗ್ಗಿದರೆ ಆವೃತ್ತಿ 60: ರೋಗಕ್ಕೆ ಕೊಟ್ಟ ಮದ್ದೇ ರೋಗವಾಯಿತು. 0.14 ಮಿಲಿಮೀಟರನ್ನು ದಾಟಿದ ಮೇಲೆಯೇ ತಡೆ ಆರಂಭವಾಗುತ್ತದೆ. ಅರ್ಧ ಮಿಲಿಮೀಟರು ತಗ್ಗುವ ಮೆದು ಸಿಲಿಕೋನಾದರೆ ಕಂಪನದ ಆರರಲ್ಲೊಂದು ಪಾಲು ಮಾತ್ರ ದಾಟುತ್ತದೆ. ಇನ್ನೂ ಮೆದುವಾದಷ್ಟೂ ಲಾಭವೆಂದು ಹೋದರೆ, ದೂರದರ್ಶಕ ವಾಲಿದಾಗ ಫ್ಯಾನೂ ವಾಲಿ ಅದರ ರೆಕ್ಕೆ ಪಟ್ಟಿಗಳಿಗೆ ತಗಲೀತು.

ತಿರುಪುಮೊಳೆಗಳ ವಿಷಯದಲ್ಲಿಯೂ ಎಚ್ಚರ ಬೇಕು. ನಾವು ಮೊದಲ ಸಲ ರಬ್ಬರಿನ ಬಿಲ್ಲೆಗಳನ್ನು ಹಾಕಿ, ಭದ್ರವಾಗಿರಲೆಂದು ಮೊಳೆಗಳನ್ನು ಕೊನೆಯವರೆಗೆ ಬಿಗಿದಿದ್ದೆವು. ಅಲೆ ಕೂದಲೆಳೆಯಷ್ಟೂ ಕುಗ್ಗಲಿಲ್ಲ. ಚಪ್ಪಟೆಯಾದ ರಬ್ಬರು ಕಲ್ಲಿನಂತಾಗಿತ್ತು. ಅದನ್ನು ಬಳಸಿಕೊಂಡು ಕಂಪನವು ಉಕ್ಕಿನ ಮೊಳೆಯಲ್ಲಿ ನೇರವಾಗಿ ಹರಿಯುತ್ತಿತ್ತು. ಮೊಳೆಯ ಬದಲು ಸಿಲಿಕೋನಿನ ಗೂಟಗಳನ್ನು ತೂರಿಸಿ ಫ್ಯಾನನ್ನು ಹಿಡಿಸಿದ ಬಳಿಕವೇ ಗೀರು ನೆಟ್ಟಗಾದದ್ದು. ಫ್ಯಾನಿನ ತಂತಿಯನ್ನೂ ಬಿಗಿಯಾಗಿ ಎಳೆಯದೆ ಸಡಿಲವಾಗಿ ಬಾಗಿಸಿ ಬಿಡಬೇಕು.

ದೊಡ್ಡ ವೀಕ್ಷಣಾಲಯಗಳಲ್ಲಿ ಇಂಥ ಫ್ಯಾನಿನ ಗೋಜಿಲ್ಲದ ದಾರಿಯೊಂದಿದೆ. ಹೊಸಕೋಟೆಯಿಂದ ದೂರನಿಯಂತ್ರಣದಲ್ಲಿ ನಡೆಸುವ ಲಡಾಖಿನ ಹಾನ್ಲೆಯ 2 ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕದಲ್ಲಿ ಸಂವೇದಕವನ್ನು ದ್ರವ ನೈಟ್ರೊಜನ್ನಿನಿಂದ ತಣ್ಣಗಿಡುತ್ತಾರೆ. ಅದರ ಕುದಿಬಿಂದು ಸೊನ್ನೆಗಿಂತ 196 ಡಿಗ್ರಿ ಕೆಳಗೆ, ತಿರುಗುವ ಭಾಗ ಒಂದೂ ಇಲ್ಲ. ಮನೆಯ ಮಾಳಿಗೆಯ ಮೇಲೆ ಇದು ನಡೆಯದ ಮಾತು. ನೀರಿನಿಂದ ತಂಪಾಗುವ ಕ್ಯಾಮರಾಗಳು ಕೆಲವು ಉಂಟು. ಅವುಗಳ ಪಂಪನ್ನು ನೆಲದ ಮೇಲಿಟ್ಟು ಮೆದು ಕೊಳವೆಯಿಂದ ಜೋಡಿಸಬಹುದು.

ಇಷ್ಟೆಲ್ಲ ಯಾರಿಗೆ ಬೇಕು? ವಾಯುಮಂಡಲವೇ ನಕ್ಷತ್ರವನ್ನು 3 ವಿಕಲೆಗೆ ಹಿಗ್ಗಿಸುತ್ತಿರುವ ರಾತ್ರಿಯಲ್ಲಿ 1 ವಿಕಲೆಯ ಕಂಪನ ಸೇರಿದರೆ ಒಟ್ಟು 4 ಆಗುವುದಿಲ್ಲ. ವರ್ಗಗಳನ್ನು ಕೂಡಿ ಮೂಲ ತೆಗೆದರೆ 3.16 ಮಾತ್ರ. ಅಂಥ ರಾತ್ರಿ ನೀಹಾರಿಕೆಯ ಚಿತ್ರ ತೆಗೆಯುವವರು ಫ್ಯಾನಿನ ಗೊಡವೆಗೆ ಹೋಗದಿದ್ದರೂ ನಡೆದೀತು. ಗಾಳಿ ತಿಳಿಯಾಗಿ ಹಿಗ್ಗುವಿಕೆ 1 ವಿಕಲೆಗೆ ಇಳಿದ ರಾತ್ರಿ ಅದೇ ಕಂಪನ ಅದನ್ನು 1.41 ಮಾಡುತ್ತದೆ. ಶನಿಯ ಬಳೆಗಳ ನಡುವಣ ಕ್ಯಾಸಿನಿಯ ಸೀಳಿನ ಅಗಲ ನಮಗೆ ಕಾಣುವುದು ಸುಮಾರು 0.7 ವಿಕಲೆ. ಅಂಥ ರಾತ್ರಿಗಳು ವರ್ಷಕ್ಕೆ ಬೆರಳೆಣಿಕೆಯಷ್ಟು ಬರುತ್ತವೆ. ಅಲೆಯ ಪರೀಕ್ಷೆಯನ್ನು ಅದಕ್ಕೆ ಮೊದಲೇ, ಸಾಧಾರಣ ರಾತ್ರಿಯೊಂದರಲ್ಲಿ ಮಾಡಿಟ್ಟುಕೊಂಡಿರಬೇಕು.